ಪಂಪ್‌ವೆಲ್‌ನ ಹಾರ್ನಿಗೂ ಏಳದ ಮಗು

ಮಂಗಳೂರಿನ ಪಂಪ್‌ವೆಲ್‌ನಲ್ಲಿ ಐದು ನಿಮಿಷ ನಿಂತವರಿಗೆ ಸದ್ದು ಎಂದರೇನೆಂದು ಬೇರೆ ಪಾಠ ಹೇಳಬೇಕಾಗಿಲ್ಲ. ಉತ್ತರಕ್ಕೆ ನಂತೂರು, ದಕ್ಷಿಣಕ್ಕೆ ತೊಕ್ಕೊಟ್ಟು, ಮೂಡಣಕ್ಕೆ ಪಡೀಲು, ಪಡುವಣಕ್ಕೆ ಕಂಕನಾಡಿ. ನಾಲ್ಕೂ ಕಡೆಯ ವಾಹನಗಳು ಇಲ್ಲಿ ಒಂದನ್ನೊಂದು ಮುಟ್ಟುವಷ್ಟು ಹತ್ತಿರ ಬಂದು ಬೊಬ್ಬೆ ಹೊಡೆಯುತ್ತವೆ. ಊರಿಗೆ ನೀರೆತ್ತುತ್ತಿದ್ದ ಪಂಪಿನ ಬಾವಿಯಿಂದ ಈ ಹೆಸರು ಬಂತೆಂದು ಹಳಬರು ಹೇಳುವುದುಂಟು. ವರ್ಷಗಟ್ಟಲೆ ಕಾಯಿಸಿ 2020ರ ಜನವರಿ 31ರಂದು ಮೇಲ್ಸೇತುವೆ ತೆರೆಯಿತಾದರೂ, ಅದರ ಅಡಿಯಲ್ಲಿ ಬಸ್ಸಿಗೆ ಕಾಯುವವರ ಕಿವಿಗೆ ದೊಡ್ಡ ಬಿಡುಗಡೆಯೇನೂ ಸಿಗಲಿಲ್ಲ.

ಅಲ್ಲಿ ಒಬ್ಬ ತಾಯಿ ನಿಂತಿದ್ದಾಳೆಂದು ಭಾವಿಸಿ. ಹೆಗಲ ಮೇಲೆ ಹತ್ತು ತಿಂಗಳ ಮಗು, ಗಾಢ ನಿದ್ದೆ. ಎರಡು ಮಾರು ದೂರದಲ್ಲಿ ಬಸ್ಸೊಂದು ಹಾರ್ನ್ ಒತ್ತುತ್ತದೆ. ಪಕ್ಕದವರೆಲ್ಲ ಬೆಚ್ಚಿ ತಿರುಗುತ್ತಾರೆ. ಮಗುವಿನ ರೆಪ್ಪೆ ಸಹ ಅಲುಗದು. “ಒಳ್ಳೆಯ ಮಗು, ನಿದ್ದೆಗಾರ” ಎನ್ನುತ್ತಾರೆ ಯಾರೋ. ತಾಯಿ ನಗುತ್ತಾಳೆ. ಮನೆಯಲ್ಲೂ ಅಜ್ಜಿ ಹಾಗೆಯೇ ಹೇಳಿದ್ದಾರೆ: ಇವನ ಅಪ್ಪನೂ ಮಾತು ಕಲಿತದ್ದು ಮೂರು ದಾಟಿದ ಮೇಲೆಯೇ!

ಆ ಮಗು ನಿಜಕ್ಕೂ ನಿದ್ದೆಗಾರನೇ ಇರಬಹುದು. ದಿನವೂ ಸದ್ದಿನ ನಡುವೆ ಬೆಳೆಯುವ ಮಗು ಅದಕ್ಕೆ ಒಗ್ಗಿಕೊಳ್ಳುತ್ತದೆ. ಆದರೆ ಹುಟ್ಟುವ ಸಾವಿರ ಮಕ್ಕಳಲ್ಲಿ ಒಂದೆರಡಕ್ಕೆ ಎರಡೂ ಕಿವಿಗಳಲ್ಲಿ ಗಣನೀಯ ದೋಷ ಇರುತ್ತದೆ. ಭಾರತದ ಹಲವು ಅಧ್ಯಯನಗಳಲ್ಲಿ ಈ ಸಂಖ್ಯೆ ಇನ್ನೂ ಮೇಲಕ್ಕೆ ಹೋಗಿದೆ. ಮುರಿದ ಕಾಲು ಕಾಣುತ್ತದೆ, ಸೀಳಿದ ತುಟಿ ಕಾಣುತ್ತದೆ. ಕೇಳದ ಕಿವಿ ಮಾತ್ರ ಕೇಳುವ ಕಿವಿಯಷ್ಟೇ ಚೆಂದವಾಗಿರುತ್ತದೆ. ಅದರಲ್ಲೇ ಅಪಾಯ ಇರುವುದು.

ಮನೆಯಲ್ಲಿ ಒಂದು ಪರೀಕ್ಷೆ ಎಲ್ಲರಿಗೂ ಗೊತ್ತು. ಮಗುವಿನ ಬೆನ್ನ ಹಿಂದೆ ಸ್ಟೀಲ್ ತಟ್ಟೆ ಬಡಿಯುವುದು. ತಿರುಗಿತೇ? ಸರಿ, ಕಿವಿ ಚೆನ್ನಾಗಿದೆ! ಈ ಪರೀಕ್ಷೆ ಎಷ್ಟು ಮಕ್ಕಳ ಎಷ್ಟು ವರ್ಷಗಳನ್ನು ತಿಂದಿದೆಯೋ ಲೆಕ್ಕ ಇಟ್ಟವರಿಲ್ಲ. ತಟ್ಟೆ ಎತ್ತುವ ಕೈಯ ನೆರಳು ಮಗುವಿಗೆ ಕಾಣುತ್ತದೆ. ನೆಲದ, ಮಂಚದ ಅದುರು ಮೈಗೆ ತಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ತಟ್ಟೆಯ ಸದ್ದು ಬಲು ಜೋರಿನದು. ಮಾತು ಕಲಿಯಲು ಬೇಕಾದದ್ದು ಅಷ್ಟು ಜೋರಿನ ಸದ್ದಲ್ಲ. ಕನ್ನಡದ ಆ, ಓ, ಊ ಸ್ವರಗಳು ತಗ್ಗು ಕಂಪನದವು, ಬಲವಾದವು. ಸ, ಶ, ತ, ಕ ಇವು ಎತ್ತರ ಕಂಪನದವು, ಬಲಹೀನವಾದವು. ಎತ್ತರದ ಕಂಪನ ಮಾತ್ರ ಕೇಳಿಸದ ಮಗುವಿಗೆ ‘ಸಾಕು’ ಎಂದರೂ ‘ಹಾಕು’ ಎಂದರೂ ‘ಆ..ಉ’ ಎಂದೇ ಮುಟ್ಟೀತು. ಅದು ತಟ್ಟೆಗೆ ತಿರುಗುತ್ತದೆ, ಹೆಸರಿಗೂ ಒಮ್ಮೊಮ್ಮೆ ತಿರುಗುತ್ತದೆ. ಆಮೇಲೆ ಶಾಲೆಯಲ್ಲಿ ‘ಗಮನ ಇಲ್ಲದ ಹುಡುಗ’ ಎಂದು ಹಿಂದಿನ ಬೆಂಚಿಗೆ ಹೋಗುತ್ತದೆ. ಕೇಳಿಸದ ಮಗುವನ್ನು ಕೂರಿಸಲು ಅದಕ್ಕಿಂತ ಕೆಟ್ಟ ಜಾಗ ತರಗತಿಯಲ್ಲಿಲ್ಲ.

ಇನ್ನೊಂದು ಮೋಸವನ್ನು ಮಗುವೇ ಮಾಡುತ್ತದೆ. ಪೂರ್ತಿ ಕಿವುಡಾದ ಹಸುಳೆಯೂ ಮೊದಲ ಕೆಲವು ತಿಂಗಳು ಎಲ್ಲ ಮಕ್ಕಳ ಹಾಗೆ ಅಳುತ್ತದೆ, ಗುರುಗುಟ್ಟುತ್ತದೆ, ನಗುತ್ತದೆ. ‘ಬಬಬ’, ‘ದದದ’ ಎಂದು ಅಕ್ಷರ ಜೋಡಿಸುವ ಹೊತ್ತು ಬಂದಾಗಲಷ್ಟೇ ಅದು ಹಿಂದೆ ಬೀಳುವುದು. ಅಷ್ಟರಲ್ಲಿ ಅಮೂಲ್ಯವಾದ ಅರ್ಧ ವರ್ಷ ಕಳೆದಿರುತ್ತದೆ.

ಅರ್ಧ ವರ್ಷ ಅಂತಹ ದೊಡ್ಡ ವಿಷಯವೇ? ಕೆನಡಾದ ವಿಜ್ಞಾನಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಿಡಬೇಕಾದದ್ದು. ಇಂಗ್ಲಿಷ್ ಮಾತಾಡುವ ಮನೆಗಳ ಹಸುಳೆಗಳಿಗೆ ಅವರು ಹಿಂದಿಯ ‘ತ’ ಮತ್ತು ‘ಟ’ಗಳನ್ನು ಕೇಳಿಸಿದರು. ಇಂಗ್ಲಿಷಿಗೆ ಈ ಭೇದವೇ ಇಲ್ಲ. ಆರರಿಂದ ಎಂಟು ತಿಂಗಳ ಮಕ್ಕಳು ಭೇದವನ್ನು ಸಲೀಸಾಗಿ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಹೋಗಿತ್ತು. ಎಂದರೆ ಮಗು ಮೊದಲ ಮಾತು ಆಡುವ ಮುನ್ನವೇ ಅದರ ಮೆದುಳು ಮನೆಮಾತಿನ ಅಕ್ಷರಗಳನ್ನು ಆರಿಸಿ ಇಟ್ಟುಕೊಂಡು, ಬೇಡವಾದವನ್ನು ಬದಿಗೆ ಸರಿಸುತ್ತಿರುತ್ತದೆ. ಏನೂ ಕೇಳಿಸದ ಮೆದುಳು ಏನನ್ನು ಆರಿಸೀತು? ಅಮೆರಿಕದ ಕೊಲರಾಡೊದಲ್ಲಿ ಕ್ರಿಸ್ಟೀನ್ ಯೋಶಿನಾಗ-ಇಟಾನೊ ಮತ್ತು ಸಂಗಡಿಗರು 1998ರಲ್ಲಿ ಇದನ್ನು ಇನ್ನಷ್ಟು ಸ್ಪಷ್ಟಗೊಳಿಸಿದರು. ಆರು ತಿಂಗಳೊಳಗೆ ದೋಷ ಪತ್ತೆಯಾಗಿ ಆರೈಕೆ ಆರಂಭವಾದ ಮಕ್ಕಳ ಭಾಷೆ, ತಡವಾಗಿ ಪತ್ತೆಯಾದವರ ಭಾಷೆಗಿಂತ ಬಹಳ ಮುಂದಿತ್ತು. ಹುಟ್ಟಿದ ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ಖಚಿತ ನಿರ್ಣಯ, ಆರರೊಳಗೆ ಆರೈಕೆ ಎಂದು ತಜ್ಞರು ಇಂದು ಹೇಳುವ 1-3-6ರ ಸೂತ್ರದ ಹಿಂದೆ ಇರುವುದು ಇಂಥ ಅಧ್ಯಯನಗಳು.

ಆದರೆ ಒಂದು ತಿಂಗಳ ಮಗುವಿನ ಕಿವಿಯನ್ನು ಪರೀಕ್ಷಿಸುವುದು ಹೇಗೆ? ಕೇಳಿಸಿತೇ ಎಂದರೆ ಅದು ತಲೆಯಾಡಿಸುವುದಿಲ್ಲ. ಉತ್ತರ ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ: ಕಿವಿಯೇ ಮಾತಾಡುತ್ತದೆ!

ನಮ್ಮ ಒಳಗಿವಿಯಲ್ಲಿ ಬಸವನ ಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಂದು ನಾಳವಿದೆ. ಬಿಡಿಸಿ ಹಿಡಿದರೆ ಸುಮಾರು 35 ಮಿಲಿಮೀಟರ್ ಉದ್ದ. ಅದರೊಳಗೆ ಸಾಲಾಗಿ ನಿಂತ ರೋಮಕೋಶಗಳು: ಒಳಸಾಲಿನಲ್ಲಿ ಸುಮಾರು 3,500, ಹೊರಸಾಲುಗಳಲ್ಲಿ ಸುಮಾರು 12,000. ಹುಟ್ಟುವಾಗ ಇದ್ದಷ್ಟೇ, ಸತ್ತರೆ ಮತ್ತೆ ಹುಟ್ಟವು. (ಕೋಳಿಗೆ ಮತ್ತೆ ಹುಟ್ಟುತ್ತವೆ. ಆ ಮಟ್ಟಿಗೆ ಕೋಳಿ ಮನುಷ್ಯನಿಗಿಂತ ಪುಣ್ಯವಂತ.) ಸದ್ದನ್ನು ನರಕ್ಕೆ ದಾಟಿಸುವ ಮುಖ್ಯ ಕೆಲಸ ಒಳಸಾಲಿನದು. ಹಾಗಾದರೆ ಹೊರಸಾಲಿನ ಕೋಶಗಳು ಅಷ್ಟೊಂದು ಏಕೆ? 1948ರಲ್ಲಿ ಥಾಮಸ್ ಗೋಲ್ಡ್ ಎಂಬ ಯುವ ವಿಜ್ಞಾನಿ ಒಂದು ಊಹೆ ಮುಂದಿಟ್ಟ. ಕಿವಿ ಬರೀ ಸದ್ದು ಹಿಡಿಯುವ ಬೋಗುಣಿಯಲ್ಲ. ಅದರೊಳಗೆ ಸದ್ದನ್ನು ವರ್ಧಿಸುವ ಯಂತ್ರ ಇರಬೇಕು, ಇದ್ದರೆ ಕಿವಿಯಿಂದ ಹೊರಕ್ಕೂ ಸದ್ದು ಬರಬೇಕು ಎಂದ. ಯಾರೂ ಕಿವಿಗೊಡಲಿಲ್ಲ. ಮೂವತ್ತು ವರ್ಷ ಕಳೆದು 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಕಿವಿಯ ನಾಳದಲ್ಲಿ ಪುಟ್ಟ ಮೈಕ್ ಇಟ್ಟು, ಒಂದು ‘ಟಿಕ್’ ಸದ್ದು ಮಾಡಿ ಆಲಿಸಿದ. ಕೆಲವೇ ಮಿಲಿಸೆಕೆಂಡುಗಳ ಬಳಿಕ ಕ್ಷೀಣವಾದ ಮರುದನಿ ಬಂತು. ಅದು ಗೋಡೆಯಿಂದ ಮರಳುವ ಪ್ರತಿಧ್ವನಿಯಂತಲ್ಲ, ಜೀವಂತ ಕೋಶಗಳು ಹುಟ್ಟಿಸಿದ ದನಿ. ಹೊರಸಾಲಿನ ರೋಮಕೋಶಗಳು ವಿದ್ಯುತ್ತಿಗೆ ತಕ್ಕಂತೆ ಕುಗ್ಗಿ ಹಿಗ್ಗಿ ಕುಣಿಯುತ್ತವೆಂದು 1985ರಲ್ಲಿ ವಿಲಿಯಂ ಬ್ರೌನೆಲ್ ತೋರಿಸಿದಾಗ ಒಗಟು ಬಿಡಿಸಿತು.

ಇಂದು ಹಸುಳೆಯ ತಪಾಸಣೆ ನಡೆಯುವುದು ಇದೇ ಮರುದನಿಯಿಂದ. ಕಡಲೆಕಾಳಿನಷ್ಟು ಮೆತ್ತನೆ ತುದಿಯೊಂದನ್ನು ಕಿವಿಗಿಟ್ಟರೆ ಸಾಕು. ಸೂಜಿ ಇಲ್ಲ, ಔಷಧ ಇಲ್ಲ, ಕೆಲವೇ ನಿಮಿಷ. ಮಗು ಹಾಲು ಕುಡಿದು ಮಲಗಿದ್ದರೆ ಇನ್ನೂ ಒಳ್ಳೆಯದು. ಮರುದನಿ ಬಂದರೆ ಉತ್ತೀರ್ಣ. ಬಾರದಿದ್ದರೆ ಕಿವುಡು ಎಂದಲ್ಲ! ಹುಟ್ಟಿದ ಮೊದಲ ಒಂದೆರಡು ದಿನ ಕಿವಿಯಲ್ಲಿ ಗರ್ಭದ ಜಿಡ್ಡು, ನೀರು ಉಳಿದಿರುತ್ತದೆ, ಮತ್ತೊಮ್ಮೆ ನೋಡಬೇಕು. ಮೊದಲ ಚೀಟಿ ನೋಡಿಯೇ ಅತ್ತು ಮನೆಗೆ ಹೋಗುವ ತಾಯಂದಿರಿಗೂ, ಎರಡನೆಯ ಪರೀಕ್ಷೆಗೆ ಬಾರದೆ ಉಳಿಯುವವರಿಗೂ ಈ ಮಾತು ಬಿಡಿಸಿ ಹೇಳಬೇಕು. ಎರಡನೆಯ ತಪ್ಪು ಮೊದಲನೆಯದಕ್ಕಿಂತ ದೊಡ್ಡದು.

ಉತ್ತೀರ್ಣವಾದರೂ ಸಂಶಯ ಉಳಿಯುವ ಸಂದರ್ಭವಿದೆ. ರೋಮಕೋಶ ಕುಣಿಯುತ್ತಿದ್ದರೂ ಮುಂದಿನ ನರದಲ್ಲಿ ತೊಡಕಿದ್ದರೆ ಸುದ್ದಿ ಮೆದುಳಿಗೆ ಸರಿಯಾಗಿ ಮುಟ್ಟದು. ಜೋರು ಕಾಮಾಲೆ ಬಂದ, ತೂಕ ಕಡಿಮೆ ಇದ್ದ, ದಿನಗಟ್ಟಲೆ ತೀವ್ರ ನಿಗಾ ಘಟಕದಲ್ಲಿದ್ದ ಮಕ್ಕಳಲ್ಲಿ ಈ ಭಯ ಹೆಚ್ಚು. ಅವಕ್ಕೆ ಬೇಕಾದದ್ದು ‘ಬೆರಾ’ ಪರೀಕ್ಷೆ. ತಲೆಗೆ ಅಂಟಿಸಿದ ತಂತಿಗಳ ಮೂಲಕ, ಸದ್ದು ನರದಿಂದ ಮೆದುಳಕಾಂಡಕ್ಕೆ ಏರುವ ವಿದ್ಯುತ್ ಅಲೆಗಳನ್ನು ಇದು ಬರೆದುಕೊಳ್ಳುತ್ತದೆ. ಡಾನ್ ಜೆವೆಟ್ ಮತ್ತು ಸಂಗಡಿಗರು 1970-71ರಲ್ಲಿ ಗುರುತಿಸಿದ ಅಲೆಗಳಿವು; ಎಲ್ಲವೂ ಸೆಕೆಂಡಿನ ನೂರನೆಯ ಒಂದು ಭಾಗದೊಳಗೆ ಮುಗಿಯುತ್ತವೆ.

ಈ ಸೌಕರ್ಯಕ್ಕೆ ಪಂಪ್‌ವೆಲ್‌ನವರು ಮೈಸೂರಿಗೆ ಓಡಬೇಕಾಗಿಲ್ಲ. ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೇಶಕ್ಕೇ ಈ ವಿದ್ಯೆಯ ಗುರುಮನೆ ನಿಜ. ಆದರೆ ಇಂದು ಕಂಕನಾಡಿಯ ಫಾದರ್ ಮುಲ್ಲರ್ ಸಂಸ್ಥೆಯಲ್ಲಿ ವಾಕ್ ಶ್ರವಣದ ಕಾಲೇಜೇ ಇದೆ; ಮಂಗಳೂರಿನ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ, ದೇರಳಕಟ್ಟೆಯಲ್ಲಿ ಇದೇ ವಿದ್ಯೆಯ ವಿಭಾಗಗಳಿವೆ. ಒಂದು ಬಸ್ಸಿನ ದಾರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲೂ ಹುಟ್ಟು ಕಿವುಡು ಸೇರಿದೆ. ಗಡಿಯಾಚೆ ಕೇರಳದಲ್ಲಿ ಸರಕಾರಿ ಆಸ್ಪತ್ರೆಗಳಲ್ಲಿ ಹುಟ್ಟುವ ಮಕ್ಕಳ ಕಿವಿ ತಪಾಸಣೆಗೆ ‘ಕಾತೋರಂ’ ಎಂಬ ಯೋಜನೆಯೇ ಇದೆ. ಕೊರತೆ ಇರುವುದು ಯಂತ್ರದ್ದಲ್ಲ. ಹೆರಿಗೆ ಕೋಣೆಯಿಂದ ಹೊರಬರುವ ಪ್ರತಿ ಮಗುವಿಗೂ ಲಸಿಕೆಯಂತೆ ಇದೂ ಆಗಲೇಬೇಕೆಂಬ ಹಟ ಇನ್ನೂ ಬಂದಿಲ್ಲ.

ಇನ್ನು ಕಾರಣಗಳು. ಕಿವುಡು ಮಗುವಿನ ತಂದೆತಾಯಿ ಬಹುಪಾಲು ಚೆನ್ನಾಗಿ ಕೇಳುವವರೇ. ಅದಕ್ಕೇ ‘ನಮ್ಮ ಕುಟುಂಬದಲ್ಲಿ ಯಾರಿಗೂ ಇಲ್ಲ’ ಎಂಬ ಮಾತಿಗೆ ಅರ್ಥವಿಲ್ಲ. ತಂದೆ ತಾಯಿ ಇಬ್ಬರಲ್ಲೂ ಒಂದೇ ಜೀನಿನ ಒಂದೊಂದು ಪ್ರತಿ ಕೆಟ್ಟಿದ್ದು, ಇನ್ನೊಂದು ಪ್ರತಿ ಕೆಲಸ ನಡೆಸುತ್ತಿದ್ದರೆ ಅವರಿಗೆ ಏನೂ ಗೊತ್ತಾಗದು. ಎರಡೂ ಕೆಟ್ಟ ಪ್ರತಿಗಳು ಮಗುವಿಗೆ ಬರುವ ಸಂಭವ ಪ್ರತಿ ಬಸುರಿಗೂ ನಾಲ್ಕರಲ್ಲಿ ಒಂದು. ಇಂಥ ಜೀನುಗಳಲ್ಲಿ ಮುಖ್ಯವಾದ ಕನೆಕ್ಸಿನ್-26 ಎಂಬುದನ್ನು 1997ರಲ್ಲಿ ಗುರುತಿಸಲಾಯಿತು. ಭಾರತೀಯರಲ್ಲಿ ಅದರ ಒಂದು ನಿರ್ದಿಷ್ಟ ದೋಷ ಹೆಚ್ಚು ಕಾಣುತ್ತದೆ. ಪ್ರೋಟೀನು 24ನೆಯ ಕೊಂಡಿಯಲ್ಲೇ ತುಂಡಾಗಿಬಿಡುತ್ತದೆ. ಸ್ವಾರಸ್ಯವೆಂದರೆ ಸ್ಲೊವಾಕಿಯಾ ಮತ್ತು ಸ್ಪೇನಿನ ರೋಮಾ ಜನರಲ್ಲೂ ಇದೇ ದೋಷ ಸಾಮಾನ್ಯ. ಅವರ ಹಿರಿಯರು ನೂರಾರು ವರ್ಷಗಳ ಹಿಂದೆ ಭಾರತದಿಂದ ಹೊರಟವರು. ಇಲ್ಲಿಂದ ಹೊತ್ತೊಯ್ದ ಬುತ್ತಿಯಲ್ಲಿ ಇದೂ ಒಂದು!

ಸಂಬಂಧದೊಳಗಿನ ಮದುವೆ ಈ ಸಂಭವವನ್ನು ಹೆಚ್ಚಿಸುತ್ತದೆ. ತುಳುನಾಡಿನಲ್ಲಿ ಒಂದೇ ‘ಬಳಿ’ಯವರು ಮದುವೆಯಾಗಬಾರದೆಂಬ ಕಟ್ಟು ಇದೆ; ಆದರೆ ಬಳಿ ತಾಯಿಯಿಂದ ಬರುವುದರಿಂದ ಸೋದರಮಾವನ ಮಗಳ ಬಳಿ ಬೇರೆ, ಆಕೆ ವರಿಸಬಹುದಾದವಳು. ಜೀನಿಗೆ ಬಳಿಯ ಲೆಕ್ಕ ಗೊತ್ತಿಲ್ಲ. ಮಾವನ ಮಕ್ಕಳು, ಅತ್ತೆಯ ಮಕ್ಕಳು ಸರಾಸರಿ ಎಂಟರಲ್ಲಿ ಒಂದು ಪಾಲು ಜೀನುಗಳನ್ನು ಹಂಚಿಕೊಂಡಿರುತ್ತಾರೆ. ಹೀಗೆ ಮದುವೆಯಾದವರ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಆದರೆ ಮೊದಲ ಮಗು ಕಿವುಡಾದಾಗ ಎರಡನೆಯದರ ಮುನ್ನ ಜೀನ್ ತಜ್ಞರನ್ನು ಕಾಣುವುದು ಜಾಣತನ. ಇಂಥ ಮನೆಗಳಲ್ಲಿ ಸೊಸೆಯನ್ನು ದೂರುವ ಅಭ್ಯಾಸಕ್ಕೆ ವಿಜ್ಞಾನದಲ್ಲಿ ಎಳ್ಳಷ್ಟೂ ಆಧಾರವಿಲ್ಲ. ಕೆಟ್ಟ ಪ್ರತಿ ಮಗನಿಂದಲೂ ಬಂದಿರಲೇಬೇಕು.

ಬಾಲ್ಯದ ಶ್ರವಣದೋಷದಲ್ಲಿ ಸುಮಾರು 60 ಶೇಕಡಾ ತಡೆಯಬಹುದಾದ ಕಾರಣಗಳಿಂದ ಬಂದದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಬಸುರಿಗೆ ರುಬೆಲ್ಲಾ ತಗಲಿದರೆ ಮಗುವಿನ ಕಣ್ಣು, ಹೃದಯ, ಕಿವಿ ಕೆಡುತ್ತವೆ. ಸಿಡ್ನಿಯ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ 1941ರಲ್ಲಿ ಮೊದಲು ಕಂಡದ್ದು ಹಸುಳೆಗಳ ಕಣ್ಣಿನ ಪೊರೆಯನ್ನು; ಕಿವಿಯ ಸಂಗತಿ ಅನಂತರ ತಿಳಿಯಿತು. ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ ನಡೆದದ್ದು 2017ರ ಫೆಬ್ರವರಿಯಲ್ಲಿ. ಆಗ ಎದ್ದ ಗಾಳಿಸುದ್ದಿಗಳು ಲಸಿಕೆಗಿಂತ ವೇಗವಾಗಿ ಹರಡಿದವು! ಮೆದುಳು ಪೊರೆಯ ಜ್ವರ, ಜೆಂಟಮೈಸಿನ್‌ನಂಥ ಕೆಲವು ಚುಚ್ಚುಮದ್ದುಗಳು ರೋಮಕೋಶಗಳಿಗೆ ನಂಜು. ಸೋರುವ ಕಿವಿಯನ್ನು ‘ದೊಡ್ಡವನಾದಂತೆ ಸರಿಹೋಗುತ್ತದೆ’ ಎಂದು ಬಿಟ್ಟವರೂ, ಬಿಸಿ ಎಣ್ಣೆ ಹೊಯ್ದು ಇದ್ದ ತಮಟೆಯನ್ನೂ ಕೆಡಿಸಿದವರೂ ಕರಾವಳಿಯಲ್ಲಿ ಕಡಿಮೆಯಿಲ್ಲ.

ಪತ್ತೆಯಾದ ಮೇಲೆ? ಶ್ರವಣಯಂತ್ರ ಮೊದಲ ಹೆಜ್ಜೆ. ಅದರಿಂದ ಸಾಲದಿದ್ದರೆ ಕಾಕ್ಲಿಯರ್ ಇಂಪ್ಲಾಂಟ್. ಸತ್ತ ರೋಮಕೋಶಗಳ ಕೆಲಸವನ್ನು, ಒಳಗಿವಿಯೊಳಗೆ ತೂರಿಸಿದ ಎರಡು ಡಜನ್ನಿಗಿಂತ ಕಡಿಮೆ ವಿದ್ಯುತ್ ತುದಿಗಳು ಮಾಡಬೇಕು. ಅಷ್ಟರಿಂದಲೇ ಮೆದುಳು ಮಾತನ್ನು ಹೆಣೆದುಕೊಳ್ಳುತ್ತದೆಂಬುದು ಮೆದುಳಿನ ಸಾಹಸ. ಅದರಲ್ಲೂ ಎಳೆಯ ಮೆದುಳಿನದು. ಬಡ ಮಕ್ಕಳಿಗೆ ಕೇಂದ್ರ ಸರಕಾರದ ‘ಅಡಿಪ್’ ಯೋಜನೆಯಲ್ಲಿ ಹಲವು ಲಕ್ಷ ರೂಪಾಯಿಯ ನೆರವು ಸಿಗುತ್ತದೆ. ಹುಟ್ಟು ಕಿವುಡಿನ ಮಕ್ಕಳಿಗೆ ಐದು ವರ್ಷದ ಗಡಿ ಇದೆ. ತಟ್ಟೆ ಬಡಿಯುತ್ತ ಕೂತವರು ಆ ಗಡಿ ದಾಟಿದ ಮೇಲೆ ಬಂದು ಅಳುವುದೂ ಉಂಟು. ಶಸ್ತ್ರಕ್ರಿಯೆಯ ಭಾವಚಿತ್ರ ಪೇಪರಿನಲ್ಲಿ ಬರುತ್ತದೆ. ಆಮೇಲಿನ ವರ್ಷಗಟ್ಟಲೆ ತರಬೇತಿ, ಬಸ್ಸಿನ ಚಾರ್ಜು, ಕೂಲಿ ತಪ್ಪಿದ ದಿನಗಳು, ತುಂಡಾದ ವೈರು ಇವು ಯಾವ ಚಿತ್ರದಲ್ಲೂ ಬಾರವು. ಇಂಪ್ಲಾಂಟ್ ಬೇಡವೆನ್ನುವ, ಕೈಸನ್ನೆಯ ಭಾಷೆಯಲ್ಲೇ ಮಗುವನ್ನು ಬೆಳೆಸುವ ಮನೆಗಳೂ ಇವೆ. ಸನ್ನೆಯೂ ಪೂರ್ಣ ಭಾಷೆಯೇ. ಅದನ್ನೂ ಬೇಗ ಕೊಡಬೇಕು, ಅಷ್ಟೆ.

ಚೀನಾದ ಶಾಂಘಾಯಿಯಲ್ಲಿ ಒಟೊಫರ್ಲಿನ್ ಎಂಬ ಒಂದೇ ಜೀನಿನ ದೋಷವಿದ್ದ ಆರು ಮಕ್ಕಳಿಗೆ ಜೀನ್ ಚಿಕಿತ್ಸೆ ಮಾಡಿ, ಐವರಿಗೆ ಕೇಳಿಸಿತೆಂಬ ವರದಿ 2024ರ ಜನವರಿಯಲ್ಲಿ ಬಂತು. ಹುಟ್ಟು ಕಿವುಡಿನಲ್ಲಿ ಈ ಜೀನಿನ ಪಾಲು ಸಣ್ಣದು. ಪಂಪ್‌ವೆಲ್‌ನ ಮಗು ಅದಕ್ಕಾಗಿ ಕಾಯುವಂತಿಲ್ಲ.

ಕರಾವಳಿಯ ತಾಯಂದಿರಿಗೆ ಇನ್ನೊಂದು ಕೆಲಸವಿದೆ. ಇಲ್ಲಿನ ಬೆವರು ಮತ್ತು ಜೂನ್‌ನ ತೇವ ಶ್ರವಣಯಂತ್ರದ ವೈರಿಗಳು. ರಾತ್ರಿ ಮಗು ಮಲಗಿದ ಮೇಲೆ ಯಂತ್ರವನ್ನು ಒಣಬಟ್ಟೆಯಿಂದ ಒರೆಸಿ, ಬ್ಯಾಟರಿ ತೆಗೆದು, ಸಿಲಿಕಾ ಜೆಲ್ ಹರಳು ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ಹರಳಿನ ಬಣ್ಣ ಮಾಸಿದರೆ ಬದಲಿಸಬೇಕು. ಕಿವಿಯ ಅಚ್ಚು ಮಗು ಬೆಳೆದಂತೆ ಸಡಿಲಾಗಿ ‘ಕುಂಯ್’ ಎಂದು ಸಿಳ್ಳು ಹಾಕುತ್ತದೆ. ಎಳೆಯ ಮಕ್ಕಳಿಗೆ ಕೆಲವೇ ತಿಂಗಳಿಗೊಮ್ಮೆ ಹೊಸ ಅಚ್ಚು ಬೇಕು. ಬೆಳಿಗ್ಗೆ ಮುಖ ತೊಳೆಸಿದ ಕೂಡಲೇ ಯಂತ್ರ ಮತ್ತೆ ಕಿವಿಗೆ. ಹಾಲು ಕಾಯಿಸುವಾಗ, ದೋಸೆ ಹೊಯ್ಯುವಾಗ, ಬಸ್ಸಿಗೆ ನಿಂತಾಗ, ಮಗುವಿನ ಮುಖ ನೋಡುತ್ತ ಮಾತಾಡುತ್ತಲೇ ಇರಬೇಕು: ಇಗೋ ಬಸ್ಸು ಬಂತು, ದೊಡ್ಡ ಬಸ್ಸು, ಹತ್ತೋಣ.