ನೆಲ ಬಿಟ್ಟ ಎರಡು ಪಾದಗಳು

ನಮ್ಮ ಮನೆಯ ಶೋಕೇಸಿನಲ್ಲಿ ಒಂದು ಫೋಟೋ ಇದೆ. ಮಗಳು ಕೈಯಲ್ಲಿ ಕಪ್ ಹಿಡಿದು ನಿಂತಿದ್ದಾಳೆ. ಶಾಂತಿಗ್ರಾಮ ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ನೂರು ಮೀಟರ್ ಓಟದಲ್ಲಿ ಮೊದಲ ಸ್ಥಾನ ಪಡೆದ ದಿನ ತೆಗೆದದ್ದು. ಬಿಸಿಲಿಗೆ ಕಣ್ಣು ಮುಚ್ಚಿಹೋಗಿದೆ. ಪಕ್ಕದಲ್ಲಿ ಯಾರದೋ ಮೊಣಕೈ ಬಿದ್ದಿದೆ. ಆದರೂ ಮನೆಗೆ ಬಂದವರಿಗೆಲ್ಲ ನಾನು ಅದನ್ನು ಹೆಮ್ಮೆಯಿಂದ ತೋರಿಸುತ್ತಿದ್ದೆ. ಒಂದು ದಿನ ಅವಳೇ ಹೇಳಿದಳು: "ಅಮ್ಮಿ, ಇದರಲ್ಲಿ ನಾನು ನಿಂತಿದ್ದೀನಿ. ನಾನು ಗೆದ್ದದ್ದು ಓಡಿ ಅಲ್ಲವಾ?"

ಅವಳು ಓಡುವ ಚಿತ್ರವೂ ಒಂದಿತ್ತು. ಅದೇ ಅವಳ ದುಃಖಕ್ಕೆ ಕಾರಣವಾಗಿತ್ತು. ಅಂದು ಮೈದಾನದ ಬದಿಯಲ್ಲಿ ನಿಂತಿದ್ದ ಯಾರೋ ಮೊಬೈಲಿನಲ್ಲಿ ಓಟದ ವಿಡಿಯೋ ಮಾಡಿದ್ದರು. ಅದರಿಂದ ಒಂದು ಚಿತ್ರವನ್ನು ಕತ್ತರಿಸಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ಬಾಯಿ ತೆರೆದಿದೆ, ಮುಖ ಸೊಟ್ಟಗಾಗಿದೆ, ದುಪಟ್ಟಾ ಕತ್ತಿನ ಹಿಂದಕ್ಕೆ ಹಾರಿದೆ. ಅದರ ಕೆಳಗೆ ಸಾಲು ಸಾಲು ನಗುವ ಗುರುತುಗಳು. ಮೂರನೆಯ ದಿನ ಅದು ಹಾಸನದಲ್ಲಿರುವ ನನ್ನ ಮೈದುನನ ಫೋನಿಗೂ ಬಂತು. ಆತ ಕೆಟ್ಟವನಲ್ಲ, ಅಣ್ಣನ ಮಗಳೆಂದರೆ ಅವನಿಗೆ ಪ್ರಾಣ. ಆದರೆ ಅಂದು ಸಂಜೆ ಮನೆಗೆ ಬಂದವನೇ, "ಭಾಬಿ, ಈ ಓಟ ಗೀಟ ಎಲ್ಲ ಇಲ್ಲಿಗೆ ಸಾಕು" ಎಂದ. ನಾವ್ಯಾರೂ ಎದುರು ಮಾತನಾಡಲಿಲ್ಲ. ಮಗಳು ತಾನೇ ಬೂಟುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಅಟ್ಟದ ಮೇಲೆ ಇಟ್ಟುಬಿಟ್ಟಳು.

ಆ ರಾತ್ರಿ ನಾನು ಆ ಚಿತ್ರವನ್ನು ಬಹಳ ಹೊತ್ತು ನೋಡಿದೆ. ಅದು ಸುಳ್ಳು ಚಿತ್ರವೇನಲ್ಲ. ಆದರೆ ಟೀಚರ್ ಆದ ನನಗೆ ಲೆಕ್ಕ ಹಾಕುವ ಅಭ್ಯಾಸ. ಮೊಬೈಲ್ ವಿಡಿಯೋ ಸಾಮಾನ್ಯವಾಗಿ ಒಂದು ಸೆಕೆಂಡಿಗೆ 30 ಚಿತ್ರಗಳನ್ನು ಹಿಡಿಯುತ್ತದೆ. ನೂರು ಮೀಟರನ್ನು ಒಬ್ಬ ಹುಡುಗಿ 14 ಸೆಕೆಂಡಿನಲ್ಲಿ ಓಡಿದರೆ ಅಲ್ಲಿ 420 ಚಿತ್ರಗಳಿರುತ್ತವೆ. ಒಂದರಲ್ಲಿ ಕಣ್ಣು ಮುಚ್ಚಿರುತ್ತದೆ, ಇನ್ನೊಂದರಲ್ಲಿ ಕೆನ್ನೆ ಜೋತಿರುತ್ತದೆ, ಮತ್ತೊಂದರಲ್ಲಿ ಹಾರುವ ಹಕ್ಕಿಯಂತೆ ಕಾಣುತ್ತಾಳೆ. ಆ ನಾನೂರ ಇಪ್ಪತ್ತರಲ್ಲಿ ಯಾವುದನ್ನು ಜನ ನೋಡಬೇಕು ಎಂದು ತೀರ್ಮಾನಿಸಿದ್ದು ಯಾರೋ ಒಬ್ಬ ಅಪರಿಚಿತ. ಓಡಿದವಳಿಗೆ ಆ ತೀರ್ಮಾನದಲ್ಲಿ ಪಾಲೇ ಇರಲಿಲ್ಲ!

ಹಾಗಾದರೆ ಓಟ ಬಿಡಬೇಕೇ? ಚಿತ್ರವೇ ಬೇಡವೆನ್ನಬೇಕೇ? ನನಗೆ ಎರಡೂ ಸರಿಯೆನಿಸಲಿಲ್ಲ. ನಮ್ಮ ಓಟದ ಚಿತ್ರವನ್ನು ನಾವೇ ತೆಗೆದುಕೊಂಡು, ನಾವೇ ಆರಿಸಿಕೊಳ್ಳುವುದನ್ನು ಕಲಿಯಬೇಕು ಎನಿಸಿತು. ನನಗೂ ಒಂದು ನೆಪ ಸಿಕ್ಕಿತ್ತು. ಶುಗರ್ ಅಂಚಿಗೆ ಬಂದಿದೆ, ದಿನಾ ನಡೆಯಿರಿ ಎಂದು ಡಾಕ್ಟರ್ ಹೇಳಿದ್ದರು. "ಒಬ್ಬಳೇ ಹೋಗಲು ಬೇಜಾರು, ಜೊತೆಗೆ ಬಾ" ಎಂದು ಮಗಳನ್ನು ಕರೆದೆ. ಅಟ್ಟದಿಂದ ಬೂಟುಗಳನ್ನು ಇಳಿಸಿದವಳು ನಾನೇ. ಫಜರ್ ನಮಾಝ್ ಮುಗಿಸಿ ಶಾಲೆಯ ಮೈದಾನಕ್ಕೆ ಹೊರಟೆವು. ಊರಿನ ಪಕ್ಕದಲ್ಲೇ ಬೆಂಗಳೂರು-ಮಂಗಳೂರು ಹೆದ್ದಾರಿ ಇದೆ, ನುಣುಪಾದ ರಸ್ತೆ ನಿಜ. ಆದರೆ ಲಾರಿ ಬಸ್ಸುಗಳು ಹಾರಿಬರುವ ಅಲ್ಲಿ ಓಡುವುದೂ ಬೇಡ, ಫೋನ್ ಹಿಡಿದು ನಿಲ್ಲುವುದಂತೂ ಬೇಡವೇ ಬೇಡ.

ಮೊದಲ ದಿನ ನಮ್ಮ ಗತಿ ಕೇಳಬೇಡಿ. ನೀರಿನ ಬಾಟಲಿಗೆ ಫೋನ್ ಒರಗಿಸಿ, ಹತ್ತು ಸೆಕೆಂಡಿನ ಟೈಮರ್ ಇಟ್ಟು, ದೂರ ಹೋಗಿ ಓಡಿಬಂದೆ. ಚಿತ್ರದಲ್ಲಿ ಬರೀ ಮೈದಾನ. ನಾನು ಬರುವ ಮುಂಚೆಯೇ ಫೋನ್ ಕ್ಲಿಕ್ಕಿಸಿತ್ತು. ಎರಡನೆಯದರಲ್ಲಿ ನನ್ನ ಅರ್ಧ ಬೆನ್ನು. ಮೂರನೆಯದರಲ್ಲಿ ಬೂದುಬಣ್ಣದ ಒಂದು ಮೋಡ, ಅದೇ ನಾನಂತೆ! ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಘಟನೆಯ ನಂತರ ಅವಳು ಅಷ್ಟು ನಕ್ಕದ್ದು ಅಂದೇ.

ಆ ಮೋಡ ಏಕೆ ಬಂತು ಎಂದು ತಿಳಿದುಕೊಂಡರೆ ಅರ್ಧ ವಿದ್ಯೆ ಕಲಿತಂತೆ. ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ ಓಡುವವರು ಒಂದು ಸೆಕೆಂಡಿಗೆ ಸುಮಾರು 2.8 ಮೀಟರ್ ಮುಂದೆ ಹೋಗುತ್ತಾರೆ. ಬೆಳಕು ಕಡಿಮೆ ಇದ್ದಾಗ ಕ್ಯಾಮೆರಾ ತನ್ನ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಸೆಕೆಂಡಿನ ಅರವತ್ತರಲ್ಲಿ ಒಂದು ಪಾಲು ತೆರೆದಿಟ್ಟರೂ ಅಷ್ಟರಲ್ಲಿ ನಮ್ಮ ದೇಹ ನಾಲ್ಕೂವರೆ ಸೆಂಟಿಮೀಟರ್ ಜರುಗಿರುತ್ತದೆ. ಅದೇ ಕಲೆಸಿದ ಮೋಡ. ಸಾವಿರದಲ್ಲಿ ಒಂದು ಪಾಲು ಮಾತ್ರ ತೆರೆದರೆ ಜರುಗುವುದು ಮೂರು ಮಿಲಿಮೀಟರಿಗಿಂತ ಕಡಿಮೆ. ಚಿತ್ರ ಸ್ಪಷ್ಟವಾಗಿ ಬರುತ್ತದೆ. ಆದ್ದರಿಂದ ಮಬ್ಬುಗತ್ತಲಲ್ಲಿ ತೆಗೆಯಬೇಡಿ. ಬಿಸಿಲು ಸ್ವಲ್ಪ ಏರಲಿ. ಸೂರ್ಯ ಫೋನಿನ ಬೆನ್ನಿಗಿರಲಿ, ಓಡುವವರ ಮೇಲೆ ಬೆಳಕು ಬೀಳಲಿ. ನಿಮ್ಮ ಫೋನಿನಲ್ಲಿ 'ಪ್ರೊ' ಎಂಬ ವಿಭಾಗವಿದ್ದರೆ ಅಲ್ಲಿ ಶಟರ್ ವೇಗವನ್ನು ಐನೂರು ಅಥವಾ ಸಾವಿರಕ್ಕೆ ಇಡಬಹುದು.

ಇನ್ನು ಫೋನ್ ಇಡುವ ಜಾಗ. ನಮ್ಮ ಮುಖದ ಎತ್ತರದಲ್ಲಿ ಇಟ್ಟರೆ ನಾವು ಕುಳ್ಳಗೆ ಕಾಣುತ್ತೇವೆ, ಪಾದಗಳು ನೆಲಕ್ಕೆ ಅಂಟಿದಂತಿರುತ್ತವೆ. ಮೊಣಕಾಲಿನ ಎತ್ತರಕ್ಕೆ ಇಳಿಸಿ. ನಾವು ಎರಡು ಇಟ್ಟಿಗೆ ಪೇರಿಸಿ ಅದರ ಮೇಲೆ ಫೋನನ್ನು ಒರಗಿಸಿ ನಿಲ್ಲಿಸಿದೆವು. ಓಡುವ ದಾರಿಗೆ ಅಡ್ಡಲಾಗಿ, ಎಂಟು ಹತ್ತು ಹೆಜ್ಜೆ ದೂರದಲ್ಲಿ ಇಡಬೇಕು. ಎದುರಿನಿಂದ ತೆಗೆದರೆ ಕಾಲಿನ ಚಾಚು ಕಾಣುವುದಿಲ್ಲ, ಪಕ್ಕದಿಂದ ತೆಗೆದರೆ ಇಡೀ ಓಟ ಕಾಣುತ್ತದೆ. ಫೋನಿನ ಎದುರು ದಾರಿಯಲ್ಲಿ ಒಂದು ಗೆರೆ ಎಳೆಯಿರಿ. ಆ ಗೆರೆಗಿಂತ ಇಪ್ಪತ್ತು ಮೀಟರ್ ಹಿಂದಿನಿಂದ ಓಡಿಬನ್ನಿ, ದಾಟಿದ ಮೇಲೂ ಹತ್ತು ಮೀಟರ್ ಓಡಿ. ಗೆರೆಯ ಬಳಿಯೇ ನಿಲ್ಲಬೇಕೆಂದುಕೊಂಡರೆ ಕಾಲು ಮುಂಚೆಯೇ ನಿಧಾನವಾಗುತ್ತದೆ, ಚಿತ್ರದಲ್ಲಿ ಅದು ತಿಳಿದುಬಿಡುತ್ತದೆ. ಫೋನ್ ಕಡೆ ನೋಡಲೇಬೇಡಿ. ನೋಡಿದರೆ ಓಡುವವರಂತಲ್ಲ, ಬಸ್ಸು ತಪ್ಪಿದವರಂತೆ ಕಾಣುತ್ತೀರಿ.

ಟೈಮರಿಗಿಂತ ಸುಲಭದ ದಾರಿ ವಿಡಿಯೋ. ಫೋನಿನ ಹಿಂಬದಿಯ ಕ್ಯಾಮೆರಾದಲ್ಲಿ ವಿಡಿಯೋ ಚಾಲೂ ಮಾಡಿ, ನಾಲ್ಕೈದು ಸಲ ಓಡಿ, ಆಮೇಲೆ ನಿಧಾನವಾಗಿ ಸರಿಸುತ್ತಾ ಬೇಕಾದ ಚಿತ್ರವನ್ನು ಹಿಡಿದಿಡಬಹುದು. ಸೆಕೆಂಡಿಗೆ 60 ಚಿತ್ರಗಳ ಆಯ್ಕೆ ಇದ್ದರೆ ಇನ್ನೂ ಒಳ್ಳೆಯದು. ಹಿನ್ನೆಲೆ ಖಾಲಿ ಇರಲಿ, ಕಾಂಪೌಂಡ್ ಗೋಡೆಯೋ ಬಯಲೋ ಸಾಕು. ಬೈಕು, ಒಣಹಾಕಿದ ಬಟ್ಟೆ ಬೇಡ. ಕಪ್ಪು ಬಟ್ಟೆ ಮರಗಳ ನೆರಳಿನ ಎದುರು ಕರಗಿಹೋಗುತ್ತದೆ, ಗೋಡೆಯ ಎದುರು ಎದ್ದು ಕಾಣುತ್ತದೆ. ತಲೆವಸ್ತ್ರವನ್ನು ಎರಡೂ ಬದಿ ಪಿನ್ ಮಾಡಿ ಕುರ್ತಾದ ಒಳಗೆ ಸೇರಿಸಿ. ಇದು ಚಿತ್ರಕ್ಕಾಗಿ ಮಾತ್ರವಲ್ಲ, ಸಡಿಲ ದುಪಟ್ಟಾ ಕಾಲಿಗೆ ಸಿಕ್ಕಿ ಬೀಳುವುದೂ ಉಂಟು.

ಇಷ್ಟಾದ ಮೇಲೆ ಯಾವ ಕ್ಷಣವನ್ನು ಆರಿಸಬೇಕು? ಇದಕ್ಕೆ ಉತ್ತರ ಹಳೆಯ ಕುದುರೆಯೊಂದರ ಕಥೆಯಲ್ಲಿದೆ. ನಾಗಾಲೋಟದಲ್ಲಿ ಕುದುರೆಯ ನಾಲ್ಕೂ ಕಾಲುಗಳು ಒಮ್ಮೆಲೇ ನೆಲ ಬಿಡುತ್ತವೆಯೇ ಎಂಬುದು ಹಿಂದೆ ದೊಡ್ಡ ವಿವಾದವಾಗಿತ್ತು. ಬರಿಗಣ್ಣಿಗೆ ಅದು ತಿಳಿಯುವುದಿಲ್ಲ. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಈಡ್‌ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ ಓಟದ ದಾರಿಯುದ್ದಕ್ಕೂ ಸಾಲಾಗಿ ಕ್ಯಾಮೆರಾಗಳನ್ನಿಟ್ಟು ಚಿತ್ರ ತೆಗೆದ. ನಾಲ್ಕೂ ಕಾಲು ನೆಲ ಬಿಡುವುದು ನಿಜವೆಂದು ಗೊತ್ತಾಯಿತು. ಆದರೆ ಚಿತ್ರಕಾರರು ಬಿಡಿಸುತ್ತಿದ್ದಂತೆ ಕಾಲುಗಳನ್ನು ಹಿಂದೆ ಮುಂದೆ ಚಾಚಿದಾಗಲ್ಲ, ಹೊಟ್ಟೆಯ ಅಡಿಗೆ ಮಡಿಸಿಕೊಂಡಾಗ! ಮನುಷ್ಯರದೂ ಹೀಗೆಯೇ. ನಡೆಯುವಾಗ ಒಂದಲ್ಲ ಒಂದು ಪಾದ ನೆಲದ ಮೇಲೆ ಇದ್ದೇ ಇರುತ್ತದೆ. ಓಡುವಾಗ ಪ್ರತಿ ಹೆಜ್ಜೆಯಲ್ಲೂ ಎರಡೂ ಪಾದ ನೆಲ ಬಿಡುವ ಒಂದು ಗಳಿಗೆ ಬರುತ್ತದೆ. ನಡಿಗೆಗೂ ಓಟಕ್ಕೂ ಇರುವ ವ್ಯತ್ಯಾಸವೇ ಅದು. ಒಳ್ಳೆಯ ಓಟದ ಚಿತ್ರದಲ್ಲಿ ಕಣ್ಣು ಹುಡುಕುವುದೂ ಆ ಗಳಿಗೆಯನ್ನೇ.

ವೇಗಕ್ಕೆ ಇನ್ನೊಂದು ಸಾಕ್ಷಿಯೂ ಇದೆ. 2020ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ ಎಂಬ ಓಟಗಾರ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದ ಸುದ್ದಿ ದೇಶವೆಲ್ಲ ಹಬ್ಬಿತು. ಕಂಬಳದ ಚಿತ್ರಗಳಲ್ಲಿ ಓಟದ ಬಿರುಸನ್ನು ತೋರಿಸುವುದು ಸುತ್ತ ಚಿಮ್ಮುವ ಕೆಸರುನೀರು. ನಮ್ಮ ಮೈದಾನದಲ್ಲಿ ಕೆಸರಿಲ್ಲ. ಆದರೆ ಹಿಮ್ಮಡಿಯ ಹಿಂದೆ ಏಳುವ ಧೂಳು, ಗಾಳಿಗೆ ಹಿಂದಕ್ಕೆ ಬಾಗಿದ ಕುರ್ತಾದ ಅಂಚು ಅದೇ ಕೆಲಸ ಮಾಡುತ್ತವೆ.

ನಾಲ್ಕನೆಯ ದಿನ ನನ್ನ ಚಿತ್ರವೂ ಸ್ಪಷ್ಟವಾಗಿ ಬಂತು. ನೋಡಿ ನಾಚಿಕೆಯಾಯಿತು. ಭುಜಗಳು ಕಿವಿಯವರೆಗೆ ಏರಿವೆ, ಮುಷ್ಟಿ ಬಿಗಿದಿದೆ, ಹಿಮ್ಮಡಿ ದೇಹಕ್ಕಿಂತ ಒಂದು ಮಾರು ಮುಂದೆ ಬೀಳುತ್ತಿದೆ. "ಅಮ್ಮಿ, ನೀವು ಪ್ರತಿ ಹೆಜ್ಜೆಗೂ ಬ್ರೇಕ್ ಹಾಕುತ್ತಿದ್ದೀರಿ" ಎಂದಳು ಮಗಳು. ಹೆಜ್ಜೆ ಚಿಕ್ಕದು ಮಾಡಿ, ಭುಜ ಇಳಿಸಿ ಎಂದು ಕಲಿಸಿಕೊಟ್ಟಳು. ತರಗತಿಯಲ್ಲಿ ನಾನು ಕಲಿಸುತ್ತೇನೆ, ಮೈದಾನದಲ್ಲಿ ಅವಳೇ ಉಸ್ತಾದ್. ಆಗ ನನಗೆ ಹೊಳೆಯಿತು, ನಮ್ಮನ್ನು ನಾಚಿಸುವ ಚಿತ್ರ ನಮ್ಮ ಕೈಯಲ್ಲಿದ್ದರೆ ಅದು ಪಾಠ, ಬೇರೆಯವರ ಕೈಯಲ್ಲಿದ್ದರೆ ಅವಮಾನ.

ಒಂದು ಚಿತ್ರದಲ್ಲಿ ಎಷ್ಟೊಂದು ಅಡಗಿರುತ್ತದೆ ಎಂಬುದಕ್ಕೆ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ನೆನಪಿಸಿಕೊಳ್ಳಿ. ಮಹಿಳೆಯರ 400 ಮೀಟರ್ ಹರ್ಡಲ್ಸ್ ಓಟದಲ್ಲಿ ನಮ್ಮ ಪಿ.ಟಿ. ಉಷಾ ಸೆಕೆಂಡಿನ ನೂರರಲ್ಲಿ ಒಂದು ಪಾಲಿನಿಂದ ಕಂಚು ಕಳೆದುಕೊಂಡರು. ಮೂರನೆಯವರದು 55.41, ಉಷಾರದು 55.42. ಇಂತಹ ಅಂತರವನ್ನು ಹೇಳುವುದು ಗುರಿಯ ಗೆರೆಯ ಮೇಲೆ ಕಣ್ಣಿಟ್ಟ ಕ್ಯಾಮೆರಾ. ಅಲ್ಲಿ ಲೆಕ್ಕಕ್ಕೆ ಬರುವುದು ತಲೆಯಲ್ಲ, ಕೈಯಲ್ಲ, ಮುಂಡ ಮಾತ್ರ. ಅದೇ ಓಟದಲ್ಲಿ ಚಿನ್ನ ಗೆದ್ದವರು ಮೊರೊಕ್ಕೊದ ನವಾಲ್ ಅಲ್ ಮುತವಕ್ಕಿಲ್. ಮುಸ್ಲಿಮರು ಬಹುಸಂಖ್ಯಾತರಾಗಿರುವ ದೇಶದಿಂದ ಒಲಿಂಪಿಕ್ ಚಿನ್ನ ಗೆದ್ದ ಮೊದಲ ಮಹಿಳೆ ಅವರು. ನನ್ನ ಮಗಳಿಗೆ ಉಷಾರ ಹೆಸರು ಗೊತ್ತಿತ್ತು, ನವಾಲ್‌ರ ಹೆಸರು ಗೊತ್ತಿರಲಿಲ್ಲ. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ತಲೆವಸ್ತ್ರ ಧರಿಸಿಯೇ 200 ಮೀಟರ್ ಓಟ ಗೆದ್ದ ಬಹರೈನಿನ ರುಕಯ್ಯಾ ಅಲ್ ಗಸ್ರಾರ ಬಗ್ಗೆಯೂ ಹೇಳಿದೆ.

ಇವೆಲ್ಲಕ್ಕಿಂತ ಹಳೆಯದಾದ ಒಂದು ಓಟ ನಮಗೆಲ್ಲ ಗೊತ್ತಿದೆ. ಪ್ರಯಾಣವೊಂದರಲ್ಲಿ ಪ್ರವಾದಿ(ಸ)ರವರು ಜೊತೆಗಿದ್ದವರನ್ನು ಮುಂದೆ ಹೋಗಲು ಹೇಳಿ, ಹ. ಆಯಿಶಾ(ರ)ರೊಂದಿಗೆ ಓಟದ ಪಂದ್ಯವಾಡಿದರು. ಮೊದಲ ಸಲ ಆಯಿಶಾ(ರ) ಗೆದ್ದರು. ಮುಂದೆ ಅವರ ಮೈ ತುಂಬಿಕೊಂಡ ಮೇಲೆ ಪ್ರವಾದಿ(ಸ)ರವರು ಗೆದ್ದು, ಅಂದಿನದಕ್ಕೆ ಇದು ಸರಿಹೋಯಿತೆಂದು ನಗೆಯಾಡಿದರು. ಮದ್ರಸಾದಲ್ಲಿ ಈ ಹದೀಸ್ ಓದುವಾಗ ನಾನು ಗಮನಿಸದ ಎರಡು ವಿಷಯಗಳು ಈಗ ಕಣ್ಣಿಗೆ ಬಿದ್ದವು. ಓಡಲು ಅಡ್ಡಿಯಿರಲಿಲ್ಲ, ಆದರೆ ನೋಡುವವರನ್ನು ಮುಂದೆ ಕಳುಹಿಸಲಾಯಿತು. ಮತ್ತು ಆ ಓಟದ ಸುದ್ದಿಯನ್ನು ನಮಗೆ ತಲುಪಿಸಿದವರು ದೂರ ನಿಂತು ನೋಡಿದ ಯಾರೋ ಅಲ್ಲ, ಸ್ವತಃ ಓಡಿದ ಆಯಿಶಾ(ರ)ರವರೇ!

ಚಿತ್ರ ತೆಗೆದ ಮೇಲೆ ಇನ್ನೊಂದು ಜವಾಬ್ದಾರಿ ಉಳಿಯುತ್ತದೆ. ನಾವು ಒಂದು ವಾರದಲ್ಲಿ ಕೂಡಿಹಾಕಿದ ರಾಶಿಯಲ್ಲಿ ಇಟ್ಟುಕೊಂಡದ್ದು ನಾಲ್ಕೇ ಚಿತ್ರ, ಉಳಿದದ್ದನ್ನು ಅಳಿಸಿದೆವು. ಹಿನ್ನೆಲೆಯಲ್ಲಿ ಬೇರೆಯವರ ಮಕ್ಕಳು ಬಂದಿದ್ದರೆ ಆ ಚಿತ್ರ ಬೇಡವೆಂದು ನಿಯಮ ಮಾಡಿಕೊಂಡೆವು. ನಮ್ಮ ಮಗಳ ವಿಷಯದಲ್ಲಿ ನೊಂದವರು ಇನ್ನೊಬ್ಬರ ಮಗಳ ವಿಷಯದಲ್ಲಿ ಮರೆಯಬಾರದಲ್ಲವೇ? ಶಾಲೆಯ ಹೆಸರಿರುವ ಅಂಗಿ, ದಿನಾ ಓಡುವ ಸಮಯ ಮತ್ತು ಜಾಗ ಇವನ್ನು ಸ್ಟೇಟಸ್‌ನಲ್ಲಿ ಹಾಕಬೇಡಿ. ಒಂದು ಪ್ರಿಂಟ್ ತೆಗೆಸಿ ಮನೆಯಲ್ಲಿಡಿ, ಸಾಕು.

ನಾವೂ ಪ್ರಿಂಟ್ ತೆಗೆಸಿದೆವು. ಮೊದಲು ನೋಡಿದವರು ನನ್ನ ಅತ್ತೆ. ಕನ್ನಡಕ ಹಾಕಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, "ಅರೆ, ಇವಳು ನೆಲದ ಮೇಲೇ ಇಲ್ಲವಲ್ಲ!" ಎಂದರು. ಆಮೇಲೆ ತಾವು ಚಿಕ್ಕವರಿದ್ದಾಗ ಗದ್ದೆಯ ಬದುವಿನಲ್ಲಿ ಕರುವಿನ ಹಿಂದೆ ಓಡುತ್ತಿದ್ದುದನ್ನು ಹೇಳಿದರು. "ನನ್ನ ಓಟದ ಚಿತ್ರ ಯಾರು ತೆಗೆದಿದ್ದಾರೆ, ನನಗೇ ನೆನಪಿದ್ದರೆ ಉಂಟು" ಎಂದರು. ಮದುವೆಯಾಗಿ ಇಷ್ಟು ವರ್ಷವಾದರೂ ಅವರು ಓಡುತ್ತಿದ್ದರೆಂಬುದು ನನಗೆ ಗೊತ್ತೇ ಇರಲಿಲ್ಲ.

ಮುಂದಿನ ಭಾನುವಾರ ಮೈದುನ ಬಂದಾಗ ಅತ್ತೆಯೇ ಆ ಫೋಟೋವನ್ನು ಅವನ ಕೈಗಿತ್ತರು. ತಲೆವಸ್ತ್ರ ಬಿಗಿಯಾಗಿದೆ, ಕಣ್ಣು ದೂರದಲ್ಲಿ ನೆಟ್ಟಿದೆ, ಎರಡೂ ಪಾದ ಗಾಳಿಯಲ್ಲಿವೆ, ಹಿಂದಿನ ಬೂಟಿನ ತಳ ಪೂರ್ತಿ ಕಾಣುತ್ತಿದೆ. ಆತ ತುಂಬ ಹೊತ್ತು ನೋಡಿದ.

"ಇದು ಯಾರು ತೆಗೆದದ್ದು?"

"ನಾನೇ, ಚಾಚಾ" ಎಂದಳು ಮಗಳು.

"ಅಲ್ಲ, ಬೂಟಿನ ತಳ ಇಷ್ಟು ಸವೆದಿದೆ, ಯಾರೂ ನೋಡಿಲ್ಲವಾ?" ಎಂದ.

ಅಷ್ಟೇ. ಓಡು ಎಂದು ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಆ ಬೂಟುಗಳು ಮತ್ತೆ ಅಟ್ಟ ಹತ್ತಲಿಲ್ಲ.

ಸಹೋದರಿಯರೇ, ನಮ್ಮ ಆಲ್ಬಮ್‌ಗಳನ್ನು ತೆರೆದು ನೋಡಿ. ಮದುವೆಯಲ್ಲಿ ಕುಳಿತಿದ್ದೇವೆ, ಈದ್‌ನಲ್ಲಿ ಸಾಲಾಗಿ ನಿಂತಿದ್ದೇವೆ. ಓಡುವ ಚಿತ್ರ ಎಷ್ಟು ಮನೆಗಳಲ್ಲಿದೆ? ನಾಳೆ ಬೆಳಿಗ್ಗೆ ಎರಡು ಇಟ್ಟಿಗೆ ಪೇರಿಸಿ ನೋಡಿ. ಮಗಳಿದ್ದರೆ ಅವಳನ್ನೂ ಕರೆದುಕೊಂಡು ಹೋಗಿ.