ಆರರಿಂದ ಎಂಟು: ಪಾಲಕರು ಕೈತಪ್ಪುವ ವರ್ಷಗಳು

ಬೀದರ್ ತಾಲ್ಲೂಕಿನ ಬಗದಲ್ ಹೋಬಳಿಯ ಹಳ್ಳಿಗಳಲ್ಲಿ ಆಗಸ್ಟ್ ಕೊನೆಯೆಂದರೆ ಹೆಸರು, ಉದ್ದಿನ ಕಾಯಿ ಬಿಡಿಸುವ ಹೊತ್ತು. ಅದು ಮುಗಿಯುತ್ತಿದ್ದಂತೆ ಸೋಯಾ ರಾಶಿ. ದೀಪಾವಳಿ ಕಳೆದರೆ ಕಬ್ಬು ಕಡಿತ, ಸಂಕ್ರಾಂತಿಯ ಆಸುಪಾಸಿಗೆ ತೊಗರಿ. ಭಾಲ್ಕಿ, ಔರಾದ್ ಕಡೆಗೂ ಹೆಚ್ಚುಕಡಿಮೆ ಇದೇ ಲೆಕ್ಕ. ಊರಿನ ಸಣ್ಣ ಮಕ್ಕಳಿಗೂ ಗೊತ್ತಿರುವ ಈ ಲೆಕ್ಕ ಪಾಲಕರ ಸಭೆಯ ದಿನಾಂಕ ಗೊತ್ತು ಮಾಡುವವರಿಗೆ ಮಾತ್ರ ಗೊತ್ತಿದ್ದಂತಿಲ್ಲ. ಸಭೆ ವಾರದ ನಡುವೆ, ಬೆಳಿಗ್ಗೆ ಹನ್ನೊಂದಕ್ಕೆ. ಬಂದ ತಾಯಿಗೆ ಆ ದಿನದ ಕೂಲಿ ಹೋಯಿತು. ಭಾಷಣ ಕೇಳಿ, ಪುಸ್ತಕದಲ್ಲಿ ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತಿ ಆಕೆ ಎದ್ದು ಹೋಗುತ್ತಾಳೆ. ಬಾರದವರ ಬಗ್ಗೆ ಸ್ಟಾಫ್ ರೂಮಿನಲ್ಲಿ ಒಂದೇ ತೀರ್ಪು: ಇಲ್ಲಿನ ಪಾಲಕರಿಗೆ ಮಕ್ಕಳ ಓದಿನ ಕಾಳಜಿಯೇ ಇಲ್ಲ.

ಈ ತೀರ್ಪನ್ನು ಒಪ್ಪುವುದು ಕಷ್ಟ. ಸರ್ಕಾರಿ ಶಾಲೆಯ ಸಭೆಗೆ ಬಾರದ ಅದೇ ಅಪ್ಪ, ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದರೆ ಸಾಲ ಮಾಡಿಯಾದರೂ ಎರಡನೆಯ ಮಗುವನ್ನು ಹಳದಿ ಬಸ್ಸಿನ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹಾಕುತ್ತಾನೆ. ಓದಿನ ಬೆಲೆ ಗೊತ್ತಿಲ್ಲದವರು ಮಾಡುವ ಕೆಲಸವೇ ಅದು? ಶುಲ್ಕ ಕಟ್ಟಿದ ಕಡೆ ಆತ ಗಿರಾಕಿ. ಲೆಕ್ಕ ಕೇಳಬಲ್ಲ, ಜಗಳವನ್ನೂ ಮಾಡಬಲ್ಲ. ಸರ್ಕಾರಿ ಶಾಲೆಯಲ್ಲಿ ಆತ ಫಲಾನುಭವಿ. ಸಮವಸ್ತ್ರ, ಹಾಲು, ಮೊಟ್ಟೆ ಪಡೆಯುವವನು ಪ್ರಶ್ನೆ ಕೇಳಬಾರದು ಎಂಬ ಅಳುಕು ಅವನಿಗೂ ಇದೆ, ಕೇಳಿದರೆ ಇವನ್ಯಾರು ಎಂಬ ಭಾವ ಕೆಲವು ಶಿಕ್ಷಕರಿಗೂ ಇದೆ. ಶಾಲೆಗೂ ಮನೆಗೂ ನಡುವಿನ ಬಿರುಕು ಕಾಳಜಿಯ ಕೊರತೆಯಿಂದಲ್ಲ, ಈ ಸಂಬಂಧದ ಸ್ವರೂಪದಿಂದ ಹುಟ್ಟಿದ್ದು. ಮತ್ತು ಅದು ಅತಿ ಹೆಚ್ಚು ಅಗಲವಾಗುವುದು ಮಗು ಆರು, ಏಳು, ಎಂಟನೆಯ ತರಗತಿಯಲ್ಲಿರುವಾಗ.

ಕಾಗದದ ಮೇಲೆ ನಮ್ಮ ರಾಜ್ಯಕ್ಕೆ ಯಾರೂ ಪಾಠ ಹೇಳಬೇಕಿಲ್ಲ. ವಿಜ್ಞಾನಿ ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಹಿಂದೆಯೇ, 2001ರಲ್ಲಿ, ಕರ್ನಾಟಕ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿತು. ಎಲ್ಲರ ಬಾಯಲ್ಲಿರುವ ಎಸ್‌ಡಿಎಂಸಿ ಇದೇ. ಶಿಕ್ಷಣ ಹಕ್ಕು ಕಾಯ್ದೆ ದೇಶದಾದ್ಯಂತ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದರ 21ನೇ ಸೆಕ್ಷನ್ ಪ್ರಕಾರ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ದುರ್ಬಲ ವರ್ಗದ ಪಾಲಕರಿಗೆ ತಕ್ಕ ಪ್ರಾತಿನಿಧ್ಯ ಸಿಗಬೇಕು. ಜನ ಅಷ್ಟಾಗಿ ಓದದೆ ಬಿಡುವುದು 24ನೇ ಸೆಕ್ಷನ್. ಪಾಲಕರನ್ನು ನಿಯಮಿತವಾಗಿ ಕಂಡು ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿಕೆಯಲ್ಲಿ ಆದ ಪ್ರಗತಿಯನ್ನು ತಿಳಿಸುವುದು ಶಿಕ್ಷಕರ ಕರ್ತವ್ಯ ಎನ್ನುತ್ತದೆ ಅದು. ಪಾಲಕರ ಸಭೆ ಶಾಲೆ ಮಾಡುವ ಉಪಕಾರವಲ್ಲ, ಕಾನೂನು ಹೊರಿಸಿದ ಕೆಲಸ.

ಹಾಗಿದ್ದೂ ಎಸ್‌ಡಿಎಂಸಿ ಸಭೆಯಲ್ಲಿ ಮಾತಿಗೆ ಬರುವುದು ಕಾಂಪೌಂಡು, ಶೌಚಾಲಯ, ಸೋರುವ ಕೋಣೆ, ಬಿಸಿಯೂಟದ ಲೆಕ್ಕ. ಇವು ಬೇಡವೆಂದಲ್ಲ, ಶೌಚಾಲಯವಿಲ್ಲದೆ ಹುಡುಗಿಯರು ಶಾಲೆ ಬಿಡುವುದು ಸುಳ್ಳಲ್ಲ. ಆದರೆ ಕಟ್ಟಡದ ಕಂತ್ರಾಟಿನ ಸುತ್ತ ತಿರುಗುವ ಸಮಿತಿಗೆ ಊರಿನ ರಾಜಕೀಯ ಅಂಟಿಕೊಳ್ಳುತ್ತದೆ, ಅಧ್ಯಕ್ಷಗಿರಿ ಪ್ರತಿಷ್ಠೆಯ ಪ್ರಶ್ನೆಯಾಗುತ್ತದೆ. ಏಳನೆಯ ತರಗತಿಯ ಹುಡುಗನಿಗೆ ಭಿನ್ನರಾಶಿ ಯಾಕೆ ಬರುತ್ತಿಲ್ಲ ಎಂದು ಅಲ್ಲಿ ಕೇಳುವವರು ವಿರಳ. ಸಮಿತಿ ಶಾಲೆಯ ಪಾಲಕನಾಗಿದೆ, ಮಗುವಿನ ಪಾಲಕರು ಹೊರಗೇ ಉಳಿದಿದ್ದಾರೆ.

ಇನ್ನು ಮಾಧ್ಯಮಿಕ ಹಂತದ ವಿಚಿತ್ರವನ್ನು ನೋಡಿ. ಕಾಯ್ದೆಯ ಕಣ್ಣಿನಲ್ಲಿ ಆರರಿಂದ ಎಂಟು ಒಂದೇ ಘಟ್ಟ. ನಮ್ಮಲ್ಲಿ ಹೆಚ್ಚಿನ ಹಿರಿಯ ಪ್ರಾಥಮಿಕ ಶಾಲೆಗಳು ಏಳಕ್ಕೆ ಮುಗಿಯುತ್ತವೆ. ಎಂಟು ಶುರುವಾಗುವುದು ಹೈಸ್ಕೂಲಿನಲ್ಲಿ. ಸುತ್ತಲಿನ ಹಳ್ಳಿಗಳ ಮಕ್ಕಳು ಹೋಬಳಿ ಊರಿಗೋ ತಾಲ್ಲೂಕು ಕೇಂದ್ರಕ್ಕೋ ಹೋಗಬೇಕು. ಏಳು ವರ್ಷ ನೋಡಿದ ಮಾಸ್ತರರು ಹಿಂದೆ ಉಳಿಯುತ್ತಾರೆ, ಹಳೆಯ ಶಾಲೆಯ ಸಮಿತಿಯಲ್ಲಿದ್ದ ತಾಯಿ ಹೊಸ ಶಾಲೆಯ ಗೇಟಿನ ಬಳಿ ಯಾರೂ ಅಲ್ಲ. ಹಿಂದೆ ಎಂಟನೆಯ ತರಗತಿಗೆ ಬಂದವರಿಗೆ ಸರ್ಕಾರ ಸೈಕಲ್ ಕೊಡುತ್ತಿತ್ತು. 2006ರ ಹೊತ್ತಿಗೆ ಆರಂಭವಾದ ಆ ಯೋಜನೆ ಕೋವಿಡ್ ಕಾಲಕ್ಕೆ ನಿಂತುಹೋಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯ ಬಸ್ಸು ಹೆಣ್ಣುಮಕ್ಕಳಿಗೆ ಉಚಿತ, ಒಳ್ಳೆಯದೇ. ಬಸ್ಸು ಬಾರದ ತಾಂಡಾಕ್ಕೆ ಅದರಿಂದ ಏನಾಗಬೇಕು? ಹನ್ನೆರಡು ಹದಿಮೂರರ ಹುಡುಗಿಯನ್ನು ಮೂರು ನಾಲ್ಕು ಕಿಲೋಮೀಟರ್ ಆಚೆ ಕಳಿಸುವುದೋ ಬಿಡುವುದೋ ಎಂದು ಮನೆ ಯೋಚಿಸುವ ಹೊತ್ತಿನಲ್ಲಿ, ‘ಕಳಿಸ್ರಿ, ನಾವದೀವಿ’ ಎಂದು ಹೇಳಲು ಪರಿಚಯದ ಒಂದು ದನಿಯೂ ಆ ಹೊಸ ಶಾಲೆಯಲ್ಲಿ ಇರುವುದಿಲ್ಲ. ಮದುವೆಯ ಮಾತು ಒಳಗೆ ಬರುವುದು, ಹುಡುಗನಾದರೆ ಹೈದರಾಬಾದಿನ ಕಟ್ಟಡ ಕೆಲಸದ ಕರೆ ಬರುವುದು ಇದೇ ಸಂದಿಯಲ್ಲಿ.

ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು 2013ರಲ್ಲಿ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಮೇಲೆ ಗೈರುಹಾಜರಿಯ ಎಣಿಕೆ ಬಿಗಿಯಾಗಿದೆ, ನಿಜ. ಎಣಿಕೆ ಮಗು ಹೋದ ಮೇಲಿನ ಮಾತು. ಹೋಗುವ ಸೂಚನೆ ಮೊದಲು ಸಿಗುವುದು ಮನೆಯಲ್ಲಿ.

ಆದರೆ ಓದು ಬರದ ತಾಯಿ ತಂದೆಯರಿಂದ ಏಳನೆಯ ತರಗತಿಯ ಮಗುವಿಗೆ ಏನು ಸಹಾಯ ಆದೀತು ಎಂಬ ಪ್ರಶ್ನೆ ಇದೆ. 2011ರ ಜನಗಣತಿಯಲ್ಲಿ ಬೀದರ್ ಜಿಲ್ಲೆಯ ಸಾಕ್ಷರತೆ ಶೇ 70ರ ಆಸುಪಾಸು, ಮಹಿಳೆಯರದ್ದು ಶೇ 61ರ ಹತ್ತಿರ. ಇಲ್ಲಿ ಒಂದು ಸಂಶೋಧನೆ ನಮ್ಮ ನೆರವಿಗೆ ಬರುತ್ತದೆ. ಅಮೆರಿಕದ ನ್ಯಾನ್ಸಿ ಹಿಲ್ ಮತ್ತು ಡಯಾನಾ ಟೈಸನ್ ಮಾಧ್ಯಮಿಕ ಶಾಲೆಯ ಮಕ್ಕಳ ಪಾಲಕರ ಕುರಿತ 50 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಈ ವಯಸ್ಸಿನಲ್ಲಿ ಪಾಲಕರು ಹೋಂವರ್ಕ್‌ಗೆ ಕೈಹಾಕುವುದರಿಂದ ಕಲಿಕೆಗೆ ಲಾಭ ಕಾಣಲಿಲ್ಲ. ಎಲ್ಲಕ್ಕಿಂತ ಬಲವಾದ ನಂಟು ಕಂಡದ್ದು ಬೇರೆಯದೇ ಸಂಗತಿಯಲ್ಲಿ: ಓದು ಯಾಕೆ ಬೇಕು, ಮುಂದೆ ಏನಾಗಬೇಕೆಂದಿದ್ದೀ, ಅದಕ್ಕೆ ಈಗ ಏನು ಮಾಡಬೇಕು ಎಂದು ಮನೆಯಲ್ಲಿ ಮಗುವಿನೊಂದಿಗೆ ಮಾತಾಡುವುದು. ಅಮೆರಿಕದ ಮನೆಯೇ ಬೇರೆ, ಬಗದಲ್ ಮನೆಯೇ ಬೇರೆ. ಅಲ್ಲಿನ ಅಂಕಿಯನ್ನು ಇಲ್ಲಿಗೆ ಹಾಗೇ ಹೊತ್ತು ತರಲಾಗದು. ಆದರೂ ಆ ಮಾತಿಗೆ ಅಕ್ಷರ ಬೇಕಿಲ್ಲ ಎಂಬುದು ಎರಡೂ ಕಡೆ ಸತ್ಯ. ಬೇಕಿರುವುದು ಮಾಹಿತಿ. ಎಂಟನೆಯ ತರಗತಿ ಎಲ್ಲಿದೆ, ಹಾಸ್ಟೆಲ್ ಅರ್ಜಿ ಯಾವಾಗ, ಮೊರಾರ್ಜಿ ದೇಸಾಯಿ ವಸತಿ ಶಾಲೆ ಅಂದರೇನು, ಡಿಪ್ಲೊಮಾಕ್ಕೆ ಯಾವ ದಾರಿ, ನರ್ಸಿಂಗ್‌ಗೆ ಯಾವುದು. ಇಷ್ಟು ಗೊತ್ತಿದ್ದರೆ ಹೊಲದ ಬದುವಿನ ಮೇಲೆ ಕೂತ ತಾಯಿಯೂ ಮಗಳೊಂದಿಗೆ ಮಾತಾಡಬಲ್ಲಳು. ಆಕೆಗೆ ಇದನ್ನು ಶಾಲೆಯಲ್ಲದೆ ಇನ್ಯಾರು ಹೇಳಬೇಕು?

ಯಾವ ಭಾಷೆಯಲ್ಲಿ ಹೇಳಬೇಕು ಎಂಬುದು ಇಲ್ಲಿ ಸಣ್ಣ ಪ್ರಶ್ನೆಯಲ್ಲ. ಬೀದರ್ ನಗರದ ಓಣಿಗಳಲ್ಲಿ ದಖನಿ ಉರ್ದು, ಔರಾದ್ ಮತ್ತು ಭಾಲ್ಕಿಯ ಗಡಿ ಹಳ್ಳಿಗಳಲ್ಲಿ ಮರಾಠಿ, ತಾಂಡಾಗಳಲ್ಲಿ ಲಂಬಾಣಿ, ಉಳಿದಂತೆ ಬೀದರಿನದ್ದೇ ಕನ್ನಡ. ಕನ್ನಡ, ಮರಾಠಿ, ಉರ್ದು ಮೂರೂ ಮಾಧ್ಯಮದ ಸರ್ಕಾರಿ ಶಾಲೆಗಳು ಇಲ್ಲಿವೆ. ಮನೆಗೆ ಹೋಗುವ ಸೂಚನೆ ಮಾತ್ರ ಸುತ್ತೋಲೆಯ ಭಾಷೆಯಲ್ಲಿ, ‘ಈ ಮೂಲಕ ತಿಳಿಯಪಡಿಸುವುದೇನೆಂದರೆ’ ಎಂದು ಶುರುವಾಗುತ್ತದೆ. ಈಗ ವಾಟ್ಸ್‌ಆ್ಯಪ್ ಗುಂಪುಗಳು ಬಂದಿವೆ. ಮನೆಯ ಒಂದೇ ಸ್ಮಾರ್ಟ್‌ಫೋನು ಅಪ್ಪನ ಕಿಸೆಯಲ್ಲಿ ಜಹೀರಾಬಾದಿಗೋ ಪುಣೆಗೋ ಹೋಗಿರುತ್ತದೆ. ಮನೆಯವರ ಭಾಷೆಯಲ್ಲಿ ಒಂದು ನಿಮಿಷದ ದನಿ ಸಂದೇಶ, ಅದೂ ತಾಯಿಯ ಬಟನ್ ಫೋನಿಗೆ ಒಂದು ಕರೆ, ಹತ್ತು ಸುತ್ತೋಲೆಗಿಂತ ಮೇಲು.

ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು ಎಂಬುದು ಈ ಭಾಗದ ಮನೆಮಾತು. ನವೆಂಬರ್ ಬಂತೆಂದರೆ ಭಾಷಣಗಳಲ್ಲಿ ಇದು ಕನ್ನಡಾಭಿಮಾನದ ಕಥೆಯಾಗಿ ಬರುತ್ತದೆ. ನನಗೆ ಅದರಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಫಲಕದ ಹಿಂದೆ ನಿಜವಾಗಿ ಏನು ನಡೆಯುತ್ತಿದೆ ಎಂಬುದು ಮಗುವನ್ನು ಕಳಿಸುವ ಮನೆಗಳಿಗೆ ಗೊತ್ತಿರಲೇಬೇಕಿತ್ತು, ಗೊತ್ತಿದ್ದೂ ಅವು ಬಾಯಿ ಬಿಡದಿರಬೇಕಿತ್ತು. ಮನೆಗಳು ಜೊತೆಗಿರದಿದ್ದರೆ ಆ ಗುಟ್ಟು ಎಷ್ಟು ದಿನ ಉಳಿದೀತು? ಈ ಸೀಮೆಯ ಪಾಲಕರಿಗೆ ಶಾಲೆಯನ್ನು ತಮ್ಮದೆಂದುಕೊಳ್ಳುವುದು ಹೊಸದಾಗಿ ಕಲಿಸಬೇಕಾದ ವಿದ್ಯೆಯಲ್ಲ.

ಇಂದಿಗೂ ಶಾಲೆಯೊಳಗೆ ದಿನವೂ ಕಾಲಿಡುವ ಊರಿನವರಿದ್ದಾರೆ: ಬಿಸಿಯೂಟದ ಅಡುಗೆಯವರು. ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾದದ್ದು ಬೀದರ್ ಸೇರಿ ಈ ಭಾಗದ ಏಳು ಜಿಲ್ಲೆಗಳಲ್ಲಿ. 2021ರ ಡಿಸೆಂಬರ್‌ನಲ್ಲಿ ಮಕ್ಕಳಿಗೆ ಮೊಟ್ಟೆ ಕೊಡುವುದು ಆರಂಭವಾದಾಗಲೂ ಬೀದರ್ ಮೊದಲ ಪಟ್ಟಿಯಲ್ಲಿತ್ತು. ಬೇಡವೆಂದವರ ಗದ್ದಲ ಟಿ.ವಿ.ಯಲ್ಲಿ ನಡೆಯುತ್ತಿದ್ದಾಗ ಯಾವ ಮಗು ಮೊಟ್ಟೆ ತಿನ್ನುತ್ತದೆ, ಯಾವುದು ಬಾಳೆಹಣ್ಣು ಕೇಳುತ್ತದೆ, ಯಾವುದು ಬೆಳಿಗ್ಗೆ ಏನೂ ತಿನ್ನದೆ ಬಂದಿದೆ ಎಂಬುದು ಈ ಅಡುಗೆಯ ಅಕ್ಕಂದಿರಿಗೆ ತಿಳಿದಿತ್ತು. ಯಾವ ಹುಡುಗಿ ವಾರದಿಂದ ತಟ್ಟೆ ಹಿಡಿದು ಬಂದಿಲ್ಲ ಎಂಬುದೂ ಹಾಜರಿ ಪುಸ್ತಕಕ್ಕಿಂತ ಮೊದಲು ಅವರಿಗೆ ಗೊತ್ತು. ಅವರಲ್ಲಿ ಹಲವರು ಅದೇ ಶಾಲೆಯ ಮಕ್ಕಳ ತಾಯಂದಿರು. ಪಾಲಕರ ಸಭೆ ನಡೆಯುವಾಗ ಅವರು ಇರುವುದು ಅಡುಗೆ ಕೋಣೆಯಲ್ಲಿ, ಬಂದವರಿಗೆ ಚಹಾ ಕಾಸುತ್ತ. ಇದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿಲ್ಲ.

ಶಾಲೆಯೇ ಮನೆಯ ಬಳಿಗೆ ಹೋದದ್ದನ್ನೂ ನಾವು ಕಂಡಿದ್ದೇವೆ. 2020ರ ಆಗಸ್ಟ್‌ನಲ್ಲಿ ಕೋವಿಡ್ ನಡುವೆ ವಿದ್ಯಾಗಮ ಆರಂಭವಾದಾಗ ಶಿಕ್ಷಕರು ಗುಡಿಯ ಕಟ್ಟೆ, ಸಮುದಾಯ ಭವನ, ಮರದ ನೆರಳಿನಲ್ಲಿ ಕೂತು ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು, ಜನವರಿಯಲ್ಲಿ ಮತ್ತೆ ಶುರುವಾಯಿತು. ಸೋಂಕಿನ ವಿಷಯದಲ್ಲಿ ಅದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಆದರೆ ಮಗು ಯಾವ ಮನೆಯಿಂದ ಬರುತ್ತದೆ, ಅಲ್ಲಿ ಪುಸ್ತಕ ಬಿಚ್ಚಲು ಜಾಗವಿದೆಯೇ ಎಂಬುದನ್ನು ಅನೇಕ ಶಿಕ್ಷಕರು ಕಣ್ಣಾರೆ ಕಂಡದ್ದು ಆಗಲೇ. ಶಾಲೆ ತೆರೆಯುತ್ತಿದ್ದಂತೆ ಆ ಓಡಾಟ ನಿಂತಿತು. ಅದರಿಂದ ಕಲಿತದ್ದನ್ನು ಉಳಿಸಿಕೊಳ್ಳುವ ಯೋಚನೆ ಯಾರಿಗೂ ಬರಲಿಲ್ಲ.

ದೆಹಲಿ ಸರ್ಕಾರ 2016ರ ಜುಲೈನಲ್ಲಿ ತನ್ನ ಎಲ್ಲ ಶಾಲೆಗಳಲ್ಲಿ ಒಂದೇ ದಿನ ದೊಡ್ಡ ಪಾಲಕರ ಸಭೆ ನಡೆಸಿತು, ಆಂಧ್ರಪ್ರದೇಶ 2024ರ ಡಿಸೆಂಬರ್‌ನಲ್ಲಿ. ಜಾತ್ರೆಯ ಉತ್ಸಾಹವೇನೋ ಇರುತ್ತದೆ. ನನಗೆ ಇದಕ್ಕಿಂತ ಹಿಡಿಸಿದ್ದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ 1990ರ ದಶಕದ ಕೊನೆಗೆ ಶುರುವಾದ ಮನೆ ಭೇಟಿಯ ಪದ್ಧತಿ. ಶಿಕ್ಷಕರು ಇಬ್ಬಿಬ್ಬರಾಗಿ, ಮೊದಲೇ ಹೇಳಿ, ಮನೆಗೆ ಹೋಗುತ್ತಾರೆ. ತಂಟೆ ಮಾಡುವ ಹುಡುಗರ ಮನೆಗೆ ಮಾತ್ರ ಹೋಗುವುದಿಲ್ಲ. ಹಾಗೆ ಮಾಡಿದರೆ ಮಾಸ್ತರರು ಬಂದರೆಂದರೆ ಏನೋ ದೂರು ಎಂದೇ ಓಣಿ ತಿಳಿಯುತ್ತದೆ. ಮೊದಲ ಭೇಟಿಯಲ್ಲಿ ಅಂಕದ ಮಾತಿಲ್ಲ, ನಿಮ್ಮ ಮಗುವಿನ ಬಗ್ಗೆ ನಿಮ್ಮ ಆಸೆ ಏನು ಎಂಬ ಒಂದೇ ಪ್ರಶ್ನೆ.

ಇದನ್ನು ಇಲ್ಲಿ ಮಾಡಬಹುದೇ? ಅಡ್ಡಿಗಳನ್ನು ಮುಚ್ಚಿಡುವುದು ಬೇಡ. ಅನೇಕ ಶಿಕ್ಷಕರು ಬೀದರ್, ಭಾಲ್ಕಿಯಲ್ಲಿದ್ದು ಹಳ್ಳಿಗೆ ಹೋಗಿ ಬರುವವರು, ಸಂಜೆ ಐದರ ಬಸ್ಸು ಅವರಿಗೆ ಮುಖ್ಯ. ಪಾಲಕರು ಹೊಲದಿಂದ ಮರಳುವುದು ಆರರ ಮೇಲೆ. ಖಾಲಿ ಹುದ್ದೆಗಳನ್ನು ಅತಿಥಿ ಶಿಕ್ಷಕರಿಂದ ತುಂಬಲಾಗುತ್ತದೆ. ಊರಿನ ಆಸುಪಾಸಿನವರೇ ಆದ ಅವರಿಗೆ ಮನೆಗಳ ಪರಿಚಯ ಹೆಚ್ಚು, ಕೆಲಸದ ಭದ್ರತೆ ಇಲ್ಲ. ಸಮೀಕ್ಷೆ, ಚುನಾವಣೆ, ಆ್ಯಪ್‌ಗೆ ಮಾಹಿತಿ ತುಂಬುವುದು ಎಂದು ಶಿಕ್ಷಕರ ಹೆಗಲ ಮೇಲೆ ಈಗಾಗಲೇ ಬೇಕಾದಷ್ಟಿದೆ. ಅದರ ಮೇಲೆ ಇನ್ನೊಂದು ಸುತ್ತೋಲೆ ಹೊರಿಸಿದರೆ ಮನೆ ಭೇಟಿಯೂ ಫೋಟೊ ತೆಗೆದು ಅಪ್‌ಲೋಡ್ ಮಾಡುವ ಕೆಲಸವಾಗುತ್ತದೆ. ಹೋಗಿಬಂದ ಸಂಜೆಗೆ ಬದಲಿ ರಜೆ, ಬಸ್ಸಿನ ಖರ್ಚು, ಅತಿಥಿ ಶಿಕ್ಷಕರಿಗೆ ಆ ಕೆಲಸಕ್ಕೆ ಪ್ರತ್ಯೇಕ ಗೌರವಧನ, ಆರರಿಂದ ಎಂಟರ ಮಕ್ಕಳ ಮನೆಗಳಿಗಷ್ಟೇ, ವರ್ಷಕ್ಕೆ ಎರಡು ಸಲ. ಹೀಗೆ ಚಿಕ್ಕದಾಗಿ ಕತ್ತರಿಸಿಕೊಂಡರೆ ಆಗದ ಮಾತಲ್ಲ.

ಹಣವಿಲ್ಲವೆನ್ನುವಂತಿಲ್ಲ. ಸಂವಿಧಾನದ 371(ಜೆ) ವಿಧಿಯ ಬಲದಿಂದ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ‘ಅಕ್ಷರ ಆವಿಷ್ಕಾರ’ದ ಹೆಸರಿನಲ್ಲಿ ಅನುದಾನದ ಕಾಲು ಭಾಗವನ್ನು ಶಿಕ್ಷಣಕ್ಕೆ ತೆಗೆದಿಡುವುದಾಗಿ ಹೇಳಿದೆ. ಈ ಹಣದ ಬಹುಪಾಲು ಕೋಣೆಗಳಿಗೆ ಹೋಗುವುದು ಸಹಜ. ಕೋಣೆ ಕಣ್ಣಿಗೆ ಕಾಣುತ್ತದೆ, ಉದ್ಘಾಟನೆಗೆ ಒದಗುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಈ ಭಾಗದ ಜಿಲ್ಲೆಗಳು ಪಟ್ಟಿಯ ತಳದಲ್ಲಿ ಕಾಣಿಸಿಕೊಳ್ಳುತ್ತವೆ. 2025ರಲ್ಲಿ ಕೊನೆಯ ಸ್ಥಾನ ಕಲಬುರಗಿಗೆ. ಆಮೇಲೆ ಹತ್ತನೆಯ ತರಗತಿಗೆ ವಿಶೇಷ ತರಬೇತಿ, ರಾತ್ರಿ ಪಾಠ, ಪಾಸಿಂಗ್ ಪ್ಯಾಕೇಜು. ಹತ್ತರಲ್ಲಿ ಬಿದ್ದ ಹುಡುಗ ಹಿಂದೆ ಬಿದ್ದದ್ದು ಏಳರಲ್ಲಿ. ಅಷ್ಟು ಮೊದಲು ಹೇಳಿದ್ದರೆ ಅಪ್ಪ ಅವ್ವಂದಿರು ಏನಾದರೂ ಮಾಡುತ್ತಿದ್ದರೇನೋ; ಹೇಳಿದವರಿಲ್ಲ.

ಪಾಲಕರ ಪಾಲಿನ ತಪ್ಪು ಇಲ್ಲವೇ ಇಲ್ಲ ಎಂದು ಹೇಳುತ್ತಿಲ್ಲ. ರಾಶಿಗೆ ಮಗನನ್ನು ಹದಿನೈದು ದಿನ ನಿಲ್ಲಿಸಿಕೊಳ್ಳುವವರಿದ್ದಾರೆ, ತಮ್ಮನನ್ನು ನೋಡಿಕೊಳ್ಳಲು ಮಗಳನ್ನು ಮನೆಯಲ್ಲಿ ಕೂರಿಸುವವರಿದ್ದಾರೆ. ಅವರೊಂದಿಗೆ ನಿಷ್ಠುರವಾಗಿ ಮಾತಾಡಲೇಬೇಕು. ಮೊದಲ ಭೇಟಿಯೇ ನಿಷ್ಠುರದ್ದಾದರೆ ಎರಡನೆಯದಕ್ಕೆ ಬಾಗಿಲು ತೆರೆಯುವುದಿಲ್ಲ, ಅಷ್ಟೇ.

ಬೆಂಗಳೂರಿನ ಆದೇಶಕ್ಕೆ ಕಾಯದೆ ಜಿಲ್ಲೆಯ ಉಪನಿರ್ದೇಶಕರು, ಕ್ಷೇತ್ರ ಶಿಕ್ಷಣಾಧಿಕಾರಿಗಳು ತಾವೇ ಮಾಡಬಹುದಾದ ಒಂದು ಕೆಲಸವಿದೆ. ಏಪ್ರಿಲ್‌ನಲ್ಲಿ ಏಳನೆಯ ತರಗತಿ ಮುಗಿಸುವ ಮಕ್ಕಳ ಪಟ್ಟಿ ಪ್ರತಿ ಮುಖ್ಯಶಿಕ್ಷಕರ ಬಳಿ ಇರುತ್ತದೆ. ಅದು ವರ್ಗಾವಣೆ ಪತ್ರಗಳ ಕಟ್ಟಾಗಿ ಹೈಸ್ಕೂಲಿಗೆ ಹೋಗುವ ಬದಲು ಏಳನೆಯ ತರಗತಿಯ ಶಿಕ್ಷಕರು ಒಂದು ಭಾನುವಾರ ಆ ಮಕ್ಕಳ ತಾಯಿ ತಂದೆಯರನ್ನು ಕರೆದುಕೊಂಡು ಹೈಸ್ಕೂಲಿಗೆ ಹೋಗಲಿ. ಅಲ್ಲಿನ ಇಬ್ಬರು ಶಿಕ್ಷಕರ ಹೆಸರು, ಫೋನ್ ನಂಬರ್ ಅವರ ಕೈಗೆ ಸಿಗಲಿ. ಯಾವ ಮಗುವಿನ ಮನೆಯಲ್ಲಿ ಯಾವ ಭಾಷೆ, ಯಾರು ದುಡಿಯಲು ಊರು ಬಿಟ್ಟಿದ್ದಾರೆ ಎಂಬುದು ಹೈಸ್ಕೂಲಿನವರ ನೋಟ್‌ಬುಕ್ಕಿಗೆ ಇಳಿಯಲಿ. ಬರುವ ಜೂನ್‌ನಲ್ಲಿ ಎಂಟನೆಯ ತರಗತಿಗೆ ಬಾರದ ಮಗು ಯಾವುದೆಂದು ಆಗ ಮೊದಲ ವಾರದಲ್ಲೇ ತಿಳಿಯುತ್ತದೆ, ಯಾರ ಮನೆಯ ಕದ ತಟ್ಟಬೇಕೆಂಬುದೂ.