ಕೂಸು ಆರ್ಟ್ಸ್ ತಗಂಡ್ರೆ ಎಂತ ಕಡ್ಮೆ ಆಗ್ತು?

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ನಮ್ಮ ಕಡೆ ಮದುವೆ ಮನೆಲೂ ಒಂದೇ ಪ್ರಶ್ನೆ, ಬಸ್ ಸ್ಟ್ಯಾಂಡಲ್ಲೂ ಒಂದೇ ಪ್ರಶ್ನೆ. ‘ಸೈನ್ಸಾ, ಕಾಮರ್ಸಾ?’ ಯಾವ್ದಾದ್ರೂ ಕೂಸು ‘ಆರ್ಟ್ಸ್ ತಗಂಡು ರಾಜ್ಯಶಾಸ್ತ್ರ ಓದಿ, ಮುಂದೆ ಲಾ ಮಾಡ್ತೆ’ ಹೇಳಿ ಅಂದ್ರೆ ಸಾಕು, ‘ಪಾಪ, ಮಾರ್ಕು ಕಡ್ಮೆ ಬಿತ್ತಾ?’ ಹೇಳಿ ಕೇಳ್ತ. ಈ ವರ್ಷ ನನ್ನ ಅಕ್ಕನ ಮಗಳಿಗೂ ಹೀಂಗೇ ಆತು. ಮಾರ್ಕು ಚೊಲೋ ಇದ್ದು, ಆಸೆಯೂ ಇದ್ದು. ಮನೆಯವ್ಕೆ ಮಾತ್ರ ಧೈರ್ಯ ಇಲ್ಲೆ. ಅದ್ಕೇ ಇಷ್ಟು ಬರೆಯವು ಕಂಡತ್ತು.

ನಮ್ಮ ಹೆಂಗಸ್ರ ಬದುಕಲ್ಲಿ ಕಾಯ್ದೆ ಎಲ್ಲಿ ಬತ್ತು ಹೇಳಿ ಕೇಳಡಿ. ಅಪ್ಪಯ್ಯ ತೀರಿಹೋದ ಮೇಲೆ ತೋಟದ ಪಹಣಿ ಅಣ್ಣ-ತಮ್ಮಂದಿರ ಹೆಸರಿಗೆ ಮಾಡುಲೆ ‘ಒಂದು ಸಹಿ ಬೇಕಾಗಿತ್ತು’ ಹೇಳಿ ಫೋನು ಬತ್ತು. ಒಳ್ಳೆ ಸೀರೆ ಉಟ್ಕಂಡು ಹೋಗಿ, ಹಕ್ಕುಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ, ಊಟ ಮಾಡ್ಕಂಡು ಬಪ್ಪದು. ಬಿಟ್ಟುಕೊಡುದು ತಪ್ಪು ಹೇಳಿ ಅಲ್ಲ. ಆಯಿಯ ನೋಡ್ಕಂಡು, ತೋಟದ ಕೊಳೆರೋಗಕ್ಕೆ ಮದ್ದು ಹೊಡೆದು ಬದುಕುವ ಅಣ್ಣಂಗೆ ಬಿಡುಲಕ್ಕು. ಆದ್ರೆ ಗೊತ್ತಿದ್ದು ಬಿಡುದು ಬೇರೆ, ಗೊತ್ತಿಲ್ದೇ ಬಿಡುದು ಬೇರೆ.

ಕರ್ನಾಟಕ 1994ರಲ್ಲೇ ಪಿತ್ರಾರ್ಜಿತ ಆಸ್ತಿಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತ್ತು. ಅಷ್ಟರೊಳಗೆ ಮದುವೆ ಆದವ್ಕೆ ಮಾತ್ರ ಅದು ಇರಲಿಲ್ಲ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನ ತೆಗೆಯಿತು. 2020ರ ಆಗಸ್ಟಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು, ಮಗಳ ಹಕ್ಕು ಹುಟ್ಟಿನಿಂದಲೇ ಬಪ್ಪದು, 2005ರಲ್ಲಿ ಅಪ್ಪ ಬದುಕಿರಲೇಬೇಕು ಹೇಳಿ ಇಲ್ಲೆ. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿ ಆದ ಅಥವಾ ಕೋರ್ಟಲ್ಲಿ ಆದ ಪಾಲನ್ನ ಮಾತ್ರ ಈ ಕಾಯ್ದೆ ಮುಟ್ಟುದಿಲ್ಲೆ. ಸಹಿ ಹಾಕುಕಿಂತ ಮೊದಲು ಇಷ್ಟನ್ನ ಬಿಡಿಸಿ ಹೇಳುವ ಒಂದು ಜನ ನಮ್ಮಲ್ಲಿ ಎಷ್ಟು ಮನೆಲಿದ್ದು?

ಅರಣ್ಯ ಅತಿಕ್ರಮಣದ ಮಾತು ಬಾರದ ಊರೂ ನಮ್ಮ ಜಿಲ್ಲೆಲಿಲ್ಲೆ. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಹಕ್ಕುಪತ್ರ ಗಂಡ-ಹೆಂಡತಿ ಇಬ್ಬರ ಹೆಸರಲ್ಲೂ ಇರವು. ಬುಡಕಟ್ಟಿನವರಲ್ಲದಿದ್ರೆ ಮೂರು ತಲೆಮಾರು, ಅಂದ್ರೆ 75 ವರ್ಷದ ಆಧಾರ ಬೇಕು. ಊರ ಹಿರಿಯರ ಹೇಳಿಕೆ ಬರೆದುಕೊಟ್ರೆ ಅದೂ ಒಂದು ಆಧಾರ. ಯಾರ ಮನೆ ಎಲ್ಲಿತ್ತು, ಯಾವ ಗದ್ದೆ ಯಾವಾಗ ಮಾಡಿದ್ದು ಹೇಳಿ ಅಜ್ಜಿಯಕ್ಕಳಿಗೇ ರಾಶಿ ನೆನಪಿಪ್ಪದು. ಅದನ್ನ ಕೇಳಿ ಬರ್ಕಂಬುಲೆ ಊರಲ್ಲಿ ಒಂದು ಓದಿದ ಕೂಸಿದ್ರೆ ಎಷ್ಟು ಮನೆಗೆ ಉಪಕಾರ!

ಇನ್ನು ರಾಜ್ಯಶಾಸ್ತ್ರ. ನಮ್ಮ ಜಿಲ್ಲೆಯ ರಾಮಕೃಷ್ಣ ಹೆಗಡೆಯವ್ರು ಮುಖ್ಯಮಂತ್ರಿ ಆಗಿದ್ದಾಗ, 1987ರ ಪಂಚಾಯತ್ ಚುನಾವಣೆಲಿ ಹೆಂಗಸ್ರಿಗೆ ಕಾಲುಭಾಗ ಸೀಟು ಇತ್ತು. ಈಗ ಅರ್ಧ. ಸೀಟು ಸಿಕ್ಕರೂ ಎಷ್ಟೋ ಕಡೆ ಸಹಿ ಹೆಂಡತಿದು, ಮಾತು ಗಂಡಂದು. ಗ್ರಾಮಸಭೆಲಿ ಎಂತ ಕೇಳುಲಕ್ಕು, ದುಡ್ಡು ಎಲ್ಲಿಂದ ಬತ್ತು ಹೇಳಿ ಗೊತ್ತಿಲ್ದೇ ಇದ್ರೆ ಸುಮ್ಮನೆ ಕೂತ್ಕಂಬದೇ ಆಗ್ತು.

‘ಅದೆಲ್ಲ ಸರಿ ಮಾರಾಯ್ತಿ, ನೌಕರಿ?’ ಹೇಳಿ ಕೇಳ್ತಿ ನಿಂಗ. ಕೇಳವು. ಹೊಸ ವಕೀಲರಿಗೆ ಮೊದಲ ನಾಲ್ಕಾರು ವರ್ಷ ಕೈಗೆ ಸಿಕ್ಕುದು ಕಡ್ಮೆಯೇ, ಸುಳ್ಳು ಹೇಳುಲಾಗ. ಪಿಯುಸಿ ಮೇಲೆ ಐದು ವರ್ಷ, ಡಿಗ್ರಿ ಮೇಲಾದ್ರೆ ಮೂರು ವರ್ಷದ ಓದು. ಅದು ಮುಗಿದ ಮೇಲೆ ವಕೀಲರ ಪರಿಷತ್ತಲ್ಲಿ ನೋಂದಣಿ, ಬಾರ್ ಪರೀಕ್ಷೆ. ಲಾ ಓದುಲೆ ಶಿರಸಿಗೋ ಉಡುಪಿಗೋ ಹುಬ್ಬಳ್ಳಿಗೋ ಹೋಗವು. ಆದ್ರೆ ಬಿ.ಎ. ಮಾಡುಲೆ ದೂರ ಹೋಪದು ಬೇಡ. ಕುಮಟೆಲಿ ಬಾಳಿಗಾ ಕಾಲೇಜು, ಹೊನ್ನಾವರದಲ್ಲಿ ಎಸ್.ಡಿ.ಎಂ., ಭಟ್ಕಳದಲ್ಲಿ ಅಂಜುಮನ್ ಇದ್ದು. ಮೂರೂ ತಾಲೂಕಲ್ಲಿ ಕೋರ್ಟಿದ್ದು. ಹೈಕೋರ್ಟಿಗೂ ಈಗ ಬೆಂಗಳೂರು ಹೇಳಿ ಇಲ್ಲೆ, ಧಾರವಾಡದಲ್ಲೇ ಪೀಠ ಇದ್ದು. ಇಂಜಿನಿಯರ್ ಆದವ್ಕೆ ಊರು ಬಿಡದೇ ದಾರಿ ಇಲ್ಲೆ. ವಕೀಲೆ ಆದವ್ಳು ಊರಲ್ಲೇ ಇದ್ದು ದುಡಿಯುಲಕ್ಕು.

ಮತ್ತೊಂದು ಮಾತು ರಾಶಿ ಜನಕ್ಕೆ ಗೊತ್ತಿಲ್ಲೆ. 1987ರ ಕಾನೂನು ಸೇವೆಗಳ ಕಾಯ್ದೆ ಪ್ರಕಾರ ಹೆಂಗಸ್ರಿಗೆ ಆದಾಯ ಎಷ್ಟೇ ಇದ್ರೂ ಉಚಿತ ವಕೀಲರ ನೆರವು ಕೇಳುಲಕ್ಕು. ತಾಲೂಕು ಕೋರ್ಟಿಗೆ ಹೋಗಿ ಕಾನೂನು ಸೇವಾ ಸಮಿತಿ ಎಲ್ಲಿದ್ದು ಹೇಳಿ ವಿಚಾರಿಸಿದ್ರಾತು. ಆದ್ರೆ ಮನೆ ಗಲಾಟೆ, ಹೊಡೆತ-ಬಡಿತದ ಮಾತನ್ನ ಗಂಡಸು ವಕೀಲರ ಎದುರು ಬಾಯಿಬಿಟ್ಟು ಹೇಳುಲೆ ಎಷ್ಟು ಜನಕ್ಕೆ ಆಗ್ತು? ಅದ್ಕಾದ್ರೂ ನಮ್ಮ ಕೂಸುಗ ಕರಿಕೋಟು ಹಾಕವು.

ಸೈನ್ಸ್ ಬೇಡ ಹೇಳಿ ನಾ ಹೇಳ್ತಿಲ್ಲೆ. ಆಸೆ ಇದ್ದವು ಓದಲಿ. ಆದ್ರೆ ಆಸೆಯಿಂದ ಆರ್ಟ್ಸ್ ತಗಂಡ ಕೂಸಿಗೆ ‘ಪಾಪ’ ಹೇಳುದು ಬೇಡ. ಆ ಬದಲು ಕಪಾಟಲ್ಲಿಪ್ಪ ಮನೆಯ ಪಹಣಿ, ಹಳೇ ಪಾಲುಪಟ್ಟಿ ಹೊರಗೆ ತೆಗೆದು, ‘ಇದ್ರಲ್ಲಿ ಎಂತ ಬರೆದಿದ್ದು, ಓದಿ ಹೇಳೇ’ ಹೇಳಿ ಅದರ ಕೈಲಿ ಕೊಡಿ.